ಸೆಲಿಗ್‌ಮನ್‌ನಿಂದ ಪಿ.ಬಿ. ರೋಡಿಗೆ

ಫೀನಿಕ್ಸ್, ಅರಿಝೋನಾ
ಮಂಗಳವಾರ ರಾತ್ರಿ

ಪ್ರೀತಿಯ ಅಪ್ಪ, ಅವ್ವ ಮತ್ತು ತಮ್ಮನಿಗೆ,

ನಾವಿಬ್ಬರೂ ಆರಾಮಾಗಿದ್ದೇವೆ. ಅವ್ವ, ನೀನು ಕಳಿಸಿದ ಶೇಂಗಾ ಚಟ್ನಿಪುಡಿ ಡಬ್ಬಿಯ ತಳ ಕಾಣುತ್ತಿದೆ. ಶನಿವಾರ ಹೊರಟಾಗಲೂ ಚಪಾತಿ ಜೊತೆ ಅದನ್ನೇ ಕಟ್ಟಿಕೊಂಡಿದ್ದೆವು.

ಫೋನ್ ಮಾಡಿ ಹೇಳಬಹುದಿತ್ತು. ಆದರೆ ಅಪ್ಪನಿಗೆ ಫೋನಿನಲ್ಲಿ ಸರಿಯಾಗಿ ಕೇಳಿಸುವುದಿಲ್ಲ, ಮತ್ತು ಈ ಮಾತು ಅಪ್ಪನಿಗೇ ಮುಟ್ಟಬೇಕು. ತಮ್ಮ, ರಾತ್ರಿ ಊಟ ಆದ ಮೇಲೆ ಕಟ್ಟೆಯ ಮೇಲೆ ಕೂತು ನಿಧಾನವಾಗಿ ಓದಿ ಹೇಳು. ಕೊನೆಯಲ್ಲಿ ನಿನಗೂ ಒಂದು ಮಾತಿದೆ.

ಅಪ್ಪ, ಇಲ್ಲಿ ರೂಟ್ 66 ಅಂತ ಒಂದು ಹಳೆಯ ಹೆದ್ದಾರಿ ಇದೆ. ನಮ್ಮ ಪುಣೆ-ಬೆಂಗಳೂರು ರಸ್ತೆ, ಪಿ.ಬಿ. ರೋಡಿನ ದೊಡ್ಡಣ್ಣ ಅಂದುಕೊಳ್ಳಿ. ಶಿಕಾಗೋದಲ್ಲಿ ಶುರುವಾಗಿ, 8 ರಾಜ್ಯ ದಾಟಿ, ಕ್ಯಾಲಿಫೋರ್ನಿಯಾದ ಸಾಂತಾ ಮೋನಿಕಾದಲ್ಲಿ ಸಮುದ್ರದ ಹತ್ತಿರ ಮುಗಿಯುತ್ತಿತ್ತು. ಒಟ್ಟು 2,448 ಮೈಲಿ, ಅಂದರೆ ಸುಮಾರು 3,940 ಕಿಲೋಮೀಟರ್. ಬೆಂಗಳೂರಿನಿಂದ ದಿಲ್ಲಿಗೆ ಹೋಗಿ ವಾಪಸ್ ಬಂದಷ್ಟು, ಹೆಚ್ಚುಕಡಿಮೆ. ಅದಕ್ಕೆ ಆ ನಂಬರ್ ಬಂದದ್ದು 1926ರಲ್ಲಿ. ಪೂರ್ತಿ ದಾರಿಗೆ ಡಾಂಬರು, ಕಾಂಕ್ರೀಟು ಬೀಳಲು 1938ರವರೆಗೆ ಕಾಯಬೇಕಾಯಿತು. ಓಕ್ಲಹೋಮಾದ ಸೈರಸ್ ಏವರಿ ಎಂಬವರು ಹಟ ಹಿಡಿದು ಈ ರಸ್ತೆಯನ್ನು ತಮ್ಮ ಊರಿನ ಕಡೆಗೆ ತಿರುಗಿಸಿಕೊಂಡರು. ಜನ ಅವರನ್ನು ಈ ರಸ್ತೆಯ ಅಪ್ಪ ಎನ್ನುತ್ತಾರೆ. ರಸ್ತೆ ತನ್ನ ಊರಿನ ಮೇಲೆಯೇ ಹೋಗಬೇಕು ಅಂತ ಒಬ್ಬ ಮನುಷ್ಯ ಯಾಕೆ ಅಷ್ಟು ಒದ್ದಾಡಿದ ಅಂತ ನಿಮಗೆ ನಾನು ಹೇಳಬೇಕಿಲ್ಲ.

1930ರ ದಶಕದಲ್ಲಿ ಓಕ್ಲಹೋಮಾ ಕಡೆ ದೊಡ್ಡ ಬರ ಬಿತ್ತು. ಹೊಲದ ಮಣ್ಣೇ ಧೂಳಾಗಿ ಎದ್ದು ಆಕಾಶ ಕಪ್ಪಾಗುತ್ತಿತ್ತಂತೆ. ನಮ್ಮ ಬಯಲುಸೀಮೆಯವರು ಗುಳೆ ಹೋಗುತ್ತಾರಲ್ಲ, ಹಾಗೆಯೇ ಅಲ್ಲಿನ ರೈತರು ಹಳೆಯ ಕಾರುಗಳ ಮೇಲೆ ಹಾಸಿಗೆ, ಪಾತ್ರೆ ಕಟ್ಟಿಕೊಂಡು ಇದೇ ರಸ್ತೆಯಲ್ಲಿ ಕ್ಯಾಲಿಫೋರ್ನಿಯಾ ಕಡೆ ಹೊರಟರು. 2 ಲಕ್ಷಕ್ಕಿಂತ ಹೆಚ್ಚು ಜನ. 1936ರಲ್ಲಿ ಲಾಸ್ ಏಂಜಲೀಸ್ ಪೊಲೀಸರು ರಾಜ್ಯದ ಗಡಿಯವರೆಗೂ ಹೋಗಿ ನಿಂತು, ಕೈಯಲ್ಲಿ ಕಾಸಿಲ್ಲದವರನ್ನು ವಾಪಸ್ ಕಳಿಸಿದರು. ತಮ್ಮ ದೇಶದೊಳಗೇ, ತಮ್ಮ ಜನರನ್ನೇ. ಕೊಪ್ಪಳ, ರಾಯಚೂರು ಕಡೆಯಿಂದ ಬೆಂಗಳೂರು ಬಸ್ಸಿಗೆ ಕಾಯುತ್ತಾ ರಾಣೆಬೆನ್ನೂರಿನ ನಮ್ಮ ಹೋಟೆಲ್ ಮುಂದೆ ಮಕ್ಕಳನ್ನು ಕಟ್ಟಿಕೊಂಡು ಕೂರುತ್ತಿದ್ದವರು ನನ್ನ ಕಣ್ಣ ಮುಂದೆ ಬಂದರು. ನೀವು ಅವರಿಂದ ಚಹಾದ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ.

ಇಡೀ ದಾರಿ ಹೋಗಲು ಎರಡು ವಾರ ಬೇಕು. ನಮಗೆ ಸಿಕ್ಕಿದ್ದು ಎರಡು ದಿನ. ಹಾಗಾಗಿ ಅರಿಝೋನಾದ ಒಂದು ತುಂಡು ಮಾತ್ರ ಆರಿಸಿಕೊಂಡೆವು. ಬೆಳಗ್ಗೆ ಐದಕ್ಕೆ ಮನೆ ಬಿಟ್ಟೆವು. ಕಳ್ಳಿಗಿಡದ ಬಯಲಿನಿಂದ ಮೇಲೇರಿ ಫ್ಲಾಗ್‌ಸ್ಟಾಫ್‌ ಮುಟ್ಟುವ ಹೊತ್ತಿಗೆ ಸುತ್ತ ಪೈನ್ ಕಾಡು, ಮೈ ನಡುಗುವ ಚಳಿ. ಅಲ್ಲಿಂದ ಪಶ್ಚಿಮಕ್ಕೆ ದೊಡ್ಡ ಹೆದ್ದಾರಿ ಐ-40ರಲ್ಲಿ ಹೋಗಿ, ಆ್ಯಶ್ ಫೋರ್ಕ್ ದಾಟಿದ ಮೇಲೆ ಕ್ರೂಕ್ಟನ್ ರೋಡ್ ಅಂತ ಬೋರ್ಡ್ ಕಂಡಲ್ಲಿ ಇಳಿದೆವು. ಲಾರಿಗಳ ಸದ್ದು ಒಮ್ಮೆಲೇ ನಿಂತಿತು. ಎರಡೇ ಲೇನ್, ಒಣಹುಲ್ಲು, ಪಕ್ಕದಲ್ಲಿ ರೈಲುಹಳಿ.

ಹಾಗೆ ಮುಟ್ಟಿದ್ದು ಸೆಲಿಗ್‌ಮನ್ ಎಂಬ ಊರು. ಊರು ಅಂದರೆ ಒಂದು ಉದ್ದ ಬೀದಿ, ಅಷ್ಟೇ.

ಅಪ್ಪ, ಇದನ್ನು ಸ್ವಲ್ಪ ಗಮನ ಕೊಟ್ಟು ಕೇಳಿ. ಈ ಊರು ಬದುಕಿದ್ದೇ ರೂಟ್ 66ರಿಂದ. ಪೆಟ್ರೋಲ್ ಬಂಕು, ಹೋಟೆಲ್ಲು, ಮೋಟೆಲ್ಲು, ಗ್ಯಾರೇಜು. 1956ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಕಾಲದ ಕಾನೂನಿನಿಂದ ದೇಶದ ತುಂಬಾ ಅಗಲವಾದ ಹೊಸ ಹೆದ್ದಾರಿಗಳು ಶುರುವಾದವು. ಒಂದೊಂದೇ ಊರನ್ನು ಪಕ್ಕಕ್ಕೆ ಬಿಟ್ಟು ಮುಂದೆ ಹೋದವು. ಸೆಲಿಗ್‌ಮನ್‌ ಸರದಿ ಬಂದದ್ದು 1978ರ ಸೆಪ್ಟೆಂಬರ್ 22ಕ್ಕೆ. ಆ ದಿನ ಐ-40 ತೆರೆಯಿತು. ಬೆಳಗ್ಗೆ ದಾರಿ ತುಂಬಾ ಇದ್ದ ಗಾಡಿಗಳು ಮಧ್ಯಾಹ್ನದ ಮೇಲೆ ಇರಲಿಲ್ಲ.

ಅಲ್ಲಿ ಈ ಕಥೆ ಓದುತ್ತಾ ನಿಂತಾಗ ನನಗೆ ನಮ್ಮೂರಿಗೆ ಬೈಪಾಸ್ ಆದ ದಿನ ನೆನಪಾಯಿತು. ನಾನು ಆಗ ಏಳನೇ ಕ್ಲಾಸ್. ನೀವು ದಿನದ ಹಾಗೆ ನಾಲ್ಕಕ್ಕೇ ಎದ್ದು ಒಲೆ ಹೊತ್ತಿಸಿದ್ದಿರಿ. ಸ್ಕೂಲಿನಿಂದ ಬಂದು ನೋಡಿದರೆ ಎರಡು ಡಬರಿ ಅನ್ನ ಹಾಗೇ ಇತ್ತು. ಮಿರ್ಚಿಯ ಬುಟ್ಟಿ ತುಂಬಿತ್ತು. ನೀವು ಯಾರಿಗೂ ಏನೂ ಹೇಳಲಿಲ್ಲ. ಅನ್ನವನ್ನು ಓಣಿಯವರಿಗೆ ಹಂಚಿ, ಪಾತ್ರೆ ನೀವೇ ತೊಳೆದಿರಿ. ಮರುದಿನ ಒಂದು ಡಬರಿ ಮಾಡಿದಿರಿ. ಆಮೇಲೆ ಅರ್ಧ. ಆ ದಿನ ನಿಮ್ಮ ಮುಖ ನೋಡಲು ನನಗೆ ಭಯವಾಗಿತ್ತು, ಅದನ್ನು ಇಷ್ಟು ವರ್ಷ ಹೇಳಿರಲಿಲ್ಲ.

ಸೆಲಿಗ್‌ಮನ್‌ನಲ್ಲಿ ಏಂಜೆಲ್ ಡೆಲ್ಗಾಡಿಲ್ಲೊ ಅಂತ ಒಬ್ಬ ಕ್ಷೌರಿಕರು. ಹುಟ್ಟಿದ್ದು 1927ರಲ್ಲಿ, ಅಂದರೆ ರಸ್ತೆಗಿಂತ ಒಂದು ವರ್ಷ ಚಿಕ್ಕವರು. ಊರಿನ ಅಂಗಡಿಗಳು ಬಾಗಿಲು ಹಾಕುತ್ತಾ ಹೋದರೂ ಅವರು ಊರು ಬಿಡಲಿಲ್ಲ. 1985ರ ಜೂನ್‌ನಲ್ಲಿ 66 ಎಂಬ ನಂಬರನ್ನೇ ಹೆದ್ದಾರಿಗಳ ಪಟ್ಟಿಯಿಂದ ತೆಗೆದುಹಾಕಿದರು. ಅವರು ಸುಮ್ನೆ ಕೂರಲಿಲ್ಲ. 1987ರಲ್ಲಿ ಸುತ್ತಲಿನ ಊರಿನವರನ್ನು ಕೂಡಿಸಿ ಒಂದು ಸಂಘ ಕಟ್ಟಿದರು. ಈ ರಸ್ತೆ ನಮ್ಮ ಚರಿತ್ರೆ, ಇದಕ್ಕೊಂದು ಗುರುತು ಕೊಡಿ ಅಂತ ರಾಜ್ಯ ಸರ್ಕಾರವನ್ನು ಕೇಳಿದರು. ಅದೇ ವರ್ಷ ಅರಿಝೋನಾ ಸರ್ಕಾರ ಸೆಲಿಗ್‌ಮನ್‌ನಿಂದ ಕಿಂಗ್‌ಮನ್‌ವರೆಗಿನ ದಾರಿಯನ್ನು ಚಾರಿತ್ರಿಕ ರೂಟ್ 66 ಎಂದು ಘೋಷಿಸಿತು. ಆಮೇಲೆ ಬೇರೆ ರಾಜ್ಯಗಳ ಊರಿನವರೂ ಹೀಗೇ ಸಂಘ ಮಾಡಿಕೊಂಡರು. ಈಗ ಜಪಾನಿನವರು, ಜರ್ಮನಿಯವರು ಬಸ್ಸು ತುಂಬಿಕೊಂಡು ಬರುತ್ತಾರೆ. ಒಬ್ಬ ಕ್ಷೌರಿಕರಿಂದ, ಅಪ್ಪ! ದೊಡ್ಡ ದುಡ್ಡಿನವರಿಂದ ಅಲ್ಲ, ಮಂತ್ರಿಗಳಿಂದ ಅಲ್ಲ.

ಅವರ ಅಂಗಡಿಯೊಳಗೆ ಹೋದೆವು. ಹಳೆಯ ಕ್ಷೌರದ ಕುರ್ಚಿ ಇದೆ. ಗೋಡೆಯ ತುಂಬಾ ಬಂದವರು ಅಂಟಿಸಿ ಹೋದ ವಿಸಿಟಿಂಗ್ ಕಾರ್ಡುಗಳು, ಚೀಟಿಗಳು. ನಾನು ಆ ಗೋಡೆಯ ಮುಂದೆ ಬಹಳ ಹೊತ್ತು ನಿಂತೆ. ನಿಮ್ಮ ಅಳಿಯ ಕರೆದರೂ ಕಾಲು ಕೀಳಲು ಮನಸ್ಸಾಗಲಿಲ್ಲ. ನನಗೆ ಅಲ್ಲಿ ಕಂಡದ್ದು ನಿಮ್ಮ ಉದ್ರಿ ಪುಸ್ತಕ.

ಕೆಂಪು ರಟ್ಟಿನ ಆ ಪುಸ್ತಕ ನೆನಪಿದೆಯಾ? ಡ್ರೈವರುಗಳ ಹೆಸರು ಬರೆಯುತ್ತಿರಲಿಲ್ಲ ನೀವು. ಲಾರಿ ನಂಬರ್ ಬರೆಯುತ್ತಿದ್ದಿರಿ. ಎಂಎಚ್, ಟಿಎನ್, ಜಿಜೆ, ಎಪಿ. ಮುಂದೆ ಎರಡು ಊಟ, ಒಂದು ಗಿರ್ಮಿಟ್, ಎರಡು ಚಹಾ. ನನಗೆ ಭಾರತದ ಭೂಪಟ ಕಲಿಸಿದ್ದು ಆ ಪುಸ್ತಕವೇ. ಬೈಪಾಸ್ ಆದ ಎಷ್ಟೋ ತಿಂಗಳ ಮೇಲೂ ಒಬ್ಬ ತಮಿಳು ಡ್ರೈವರ್ ಲಾರಿಯನ್ನು ಬೈಪಾಸ್ ಮೇಲೇ ಬಿಟ್ಟು, ಆಟೋ ಹಿಡಿದು ಊರೊಳಗೆ ಬಂದು ಬಾಕಿ ತೀರಿಸಿ ಹೋಗಿದ್ದನಲ್ಲ. ಅವನಿಗೆ ನೀವು ಊಟ ಹಾಕಿ ಆ ಬಾಕಿಯನ್ನೂ ಬಿಟ್ಟಿರಿ ಅಂತ ಅವ್ವ ಸಿಟ್ಟಾಗಿದ್ದಳು.

ಅದೇ ಬೀದಿಯಲ್ಲಿ ಏಂಜೆಲ್ ಅವರ ಅಣ್ಣ ಹುವಾನ್ 1953ರಲ್ಲಿ ಕಟ್ಟಿದ ಸ್ನೋ ಕ್ಯಾಪ್ ಎಂಬ ತಿಂಡಿ ಅಂಗಡಿ ಇದೆ. ಅವರು ರೈಲ್ವೆಯಲ್ಲಿ ದುಡಿಯುತ್ತಿದ್ದರು. ರೈಲ್ವೆಯವರು ಬಿಸಾಕಿದ ಕಟ್ಟಿಗೆ ತಂದೇ ಅಂಗಡಿ ಕಟ್ಟಿದರಂತೆ. ಬಾಗಿಲಿಗೆ ಎರಡು ಹಿಡಿ, ಒಂದು ಸುಳ್ಳು. ಬಂದವರು ತಪ್ಪು ಹಿಡಿ ತಿರುಗಿಸಿ ನಗುತ್ತಾರೆ. ಅವರು 2004ರಲ್ಲಿ ತೀರಿಕೊಂಡರು. ಮನೆಯವರು ನಡೆಸಿಕೊಂಡು ಬಂದಿದ್ದಾರೆ. ನಾವು ಮಿಲ್ಕ್‌ಶೇಕ್ ಕುಡಿದೆವು.

ಅಲ್ಲಿಂದ ಕಿಂಗ್‌ಮನ್‌ಗೆ ಹಳೆಯ ದಾರಿಯಲ್ಲಿ ಸುಮಾರು 140 ಕಿ.ಮೀ. ಹೊಸ ಹೆದ್ದಾರಿ ನೇರ ಹೋದರೆ ಇದು ಬಿಲ್ಲಿನ ಹಾಗೆ ಉತ್ತರಕ್ಕೆ ಬಾಗುತ್ತದೆ. ನಡುವೆ ಪೀಚ್ ಸ್ಪ್ರಿಂಗ್ಸ್, ಹುವಾಲಪೈ ಜನರ ಮುಖ್ಯ ಊರು. ರಸ್ತೆ, ರೈಲು ಬರುವುದಕ್ಕಿಂತ ಎಷ್ಟೋ ಮೊದಲಿನಿಂದ ಇದು ಅವರ ನೆಲ. ತಮ್ಮ, ನಿನಗೆ ಇಷ್ಟವಾಗುವ ಒಂದು ಸಂಗತಿ ಹೇಳುತ್ತೇನೆ. 1857ರಲ್ಲಿ ಎಡ್ವರ್ಡ್ ಬೀಲ್ ಎಂಬವರು ಈ ಕಡೆ ಗಾಡಿದಾರಿ ಗುರುತು ಮಾಡಲು ಬಂದಾಗ ಒಂಟೆಗಳನ್ನು ತಂದಿದ್ದರು! ಪಶ್ಚಿಮ ಏಷ್ಯಾ ಕಡೆಯಿಂದ ಹಡಗಿನಲ್ಲಿ ತರಿಸಿದ ಒಂಟೆಗಳು. ಅವರು ಹಾಕಿದ ಜಾಡಿನ ಹತ್ತಿರವೇ ಮುಂದೆ ರೈಲು ಬಂತು, ಆಮೇಲೆ ಈ ರಸ್ತೆ.

ರಾತ್ರಿ ಕಿಂಗ್‌ಮನ್‌ನ ಒಂದು ಹಳೆಯ ಮೋಟೆಲ್‌ನಲ್ಲಿ ಉಳಿದೆವು. ನಡೆಸುವವರು ಗುಜರಾತಿ ದಂಪತಿ. ಬಾಗಿಲು ತೆರೆದರೆ ಒಗ್ಗರಣೆ ವಾಸನೆ. ನಾವು ಕರ್ನಾಟಕದವರು ಅಂತ ಗೊತ್ತಾದ ತಕ್ಷಣ ಆ ಬೆನ್, ಅಂದರೆ ಅಕ್ಕ, ಶುಂಠಿ ಚಹಾ ತಂದುಕೊಟ್ಟರು. ಅಮೆರಿಕದ ಮೋಟೆಲ್‌ಗಳಲ್ಲಿ ಸುಮಾರು ಅರ್ಧದಷ್ಟು ಭಾರತೀಯ ಮೂಲದವರ ಕೈಯಲ್ಲಿವೆ, ಅವರಲ್ಲಿ ಜಾಸ್ತಿ ಗುಜರಾತಿಗಳೇ. 1970ರ ದಶಕದಲ್ಲಿ ವ್ಯಾಪಾರ ಬಿದ್ದು ಹೋದ ಮೋಟೆಲ್‌ಗಳು ಕಡಿಮೆ ಬೆಲೆಗೆ ಸಿಕ್ಕಾಗ ಇವರು ಕೊಂಡರು. ಮನೆಮಂದಿಯೆಲ್ಲಾ ಸೇರಿ ಹಾಸಿಗೆ ಮಡಚಿ, ನೆಲ ಒರೆಸಿ ದುಡಿದರು. ಎಲ್ಲರೂ ಕೈಬಿಟ್ಟ ಕಟ್ಟಡಗಳಿಗೆ ಇವರು ದೀಪ ಹಚ್ಚಿದರು.

ಆದರೆ ಈ ರಸ್ತೆ ಎಲ್ಲರನ್ನೂ ಒಂದೇ ಥರ ನೋಡಿಕೊಂಡಿಲ್ಲ. ಕಪ್ಪು ಜನರಿಗೆ ದಾರಿಯ ಎಷ್ಟೋ ಊರುಗಳಲ್ಲಿ ರೂಮು ಸಿಗುತ್ತಿರಲಿಲ್ಲ, ಊಟ ಸಿಗುತ್ತಿರಲಿಲ್ಲ. ಕತ್ತಲಾದ ಮೇಲೆ ಇರಲೇಬಾರದು ಅನ್ನುವ ಊರುಗಳೂ ಇದ್ದವು. ಅದಕ್ಕೇ ನ್ಯೂಯಾರ್ಕ್‌ನ ಪೋಸ್ಟ್‌ಮ್ಯಾನ್ ವಿಕ್ಟರ್ ಹ್ಯೂಗೋ ಗ್ರೀನ್ 1936ರಲ್ಲಿ ಒಂದು ಪುಸ್ತಕ ತಂದರು. ಎಲ್ಲಿ ಉಳಿಯಬಹುದು, ಎಲ್ಲಿ ಉಣ್ಣಬಹುದು ಎಂಬ ಪಟ್ಟಿ. ಜನ ಅದನ್ನು ಗ್ರೀನ್ ಬುಕ್ ಎಂದರು. 1960ರ ದಶಕದವರೆಗೂ ಅದು ಬೇಕಾಗಿತ್ತು. ನಮ್ಮ ಕಡೆ ಹೋಟೆಲ್‌ಗಳಲ್ಲಿ ಬೇರೆ ಲೋಟ ಇಡುತ್ತಿದ್ದ ಕಾಲ ನೀವು ಕಂಡಿದ್ದೀರಿ. ನಮ್ಮ ಹೋಟೆಲ್‌ನಲ್ಲಿ ಎಲ್ಲರಿಗೂ ಒಂದೇ ಲೋಟ ಅಂತ ನೀವು ಹಟ ಹಿಡಿದದ್ದು ಎಷ್ಟು ದೊಡ್ಡದು ಅಂತ ಆ ರಾತ್ರಿ ಗೊತ್ತಾಯಿತು.

ಭಾನುವಾರ ಬೆಳಗ್ಗೆ ಓಟ್‌ಮನ್‌ ಕಡೆ ಹತ್ತಿದೆವು. ಸಿಟ್‌ಗ್ರೀವ್ಸ್ ಪಾಸ್ ಅಂತ ಘಟ್ಟ. ಆಗುಂಬೆಯ ತಿರುವುಗಳನ್ನು ಮರವೇ ಇಲ್ಲದ ಬೋಳು ಕಲ್ಲುಗುಡ್ಡದ ಮೇಲೆ ಇಟ್ಟ ಹಾಗೆ. 40 ಅಡಿಗಿಂತ ಉದ್ದದ ಗಾಡಿಗೆ ಇಲ್ಲಿ ದಾರಿ ಇಲ್ಲ. ಎಷ್ಟೋ ಕಡೆ ಅಂಚಿಗೆ ತಡೆಗೋಡೆಯೂ ಇಲ್ಲ. ನಿಮ್ಮ ಅಳಿಯ ಸ್ಟೀರಿಂಗ್ ಬಿಗಿಯಾಗಿ ಹಿಡಿದು ಮಾತೇ ಆಡಲಿಲ್ಲ. ಆ ಕಾಲದ ಫೋರ್ಡ್ ಕಾರುಗಳಲ್ಲಿ ಪೆಟ್ರೋಲ್ ತನ್ನಷ್ಟಕ್ಕೇ ಇಳಿದು ಇಂಜಿನ್ ಸೇರಬೇಕಿತ್ತು. ಏರು ಕಡಿದಾದರೆ ಇಳಿಯುತ್ತಿರಲಿಲ್ಲ. ಅದಕ್ಕೆ ಜನ ಕಾರನ್ನು ತಿರುಗಿಸಿ, ರಿವರ್ಸ್ ಗೇರಿನಲ್ಲಿ, ಹಿಂದುಮುಂದಾಗಿ ಘಟ್ಟ ಹತ್ತುತ್ತಿದ್ದರಂತೆ. ಮೇಲೆ ಮಕ್ಕಳು, ಹಾಸಿಗೆ, ಪಾತ್ರೆ!

ಓಟ್‌ಮನ್ ಚಿನ್ನದ ಗಣಿಯ ಊರು. ಎರಡನೇ ಮಹಾಯುದ್ಧದ ಹೊತ್ತಿಗೆ ಗಣಿ ಮುಚ್ಚಿತು. 1950ರ ದಶಕದ ಶುರುವಿನಲ್ಲಿ ರೂಟ್ 66ನ್ನೇ ಬೇರೆ ಕಡೆಯಿಂದ ತೆಗೆದರು. ಗಣಿಯವರು ಬಿಟ್ಟುಹೋದ ಕತ್ತೆಗಳ ಮರಿಮಕ್ಕಳು ಈಗಲೂ ಬೀದಿಯ ನಡುವೆ ನಿಂತಿರುತ್ತವೆ. ಕಾರು ನಿಲ್ಲಿಸಿ ಅವು ದಾಟುವವರೆಗೂ ಕಾದೆವು.

ಈಗ ತಮ್ಮ, ನಿನಗೆ. ಹೋಟೆಲ್ ಕೆಡವಿ ನಾಲ್ಕು ಮಳಿಗೆ ಕಟ್ಟಬೇಕು ಅಂತ ನೀನು ಹೇಳಿದ್ದೆ. ಕಟ್ಟು. ಬಾಡಿಗೆ ಬಂದರೆ ಅಪ್ಪ, ಅವ್ವನ ಔಷಧಿಗೆ ಆಗುತ್ತದೆ, ನಾನು ಬೇಡ ಅನ್ನುವುದಿಲ್ಲ. ನನ್ನ ಪಾಲಿನ ಸಹಿಯನ್ನೂ ಕಳಿಸುತ್ತೇನೆ. ಆದರೆ ಮುಂದಿನ ತಗಡಿನ ಬೋರ್ಡನ್ನು ಗುಜರಿಗೆ ಹಾಕಬೇಡ. ಡ್ರೈವರುಗಳು ಕೂರುತ್ತಿದ್ದ ಕಲ್ಲಿನ ಬೆಂಚನ್ನು ಒಡೆಯಬೇಡ, ಹೊಸ ಮಳಿಗೆಯ ಮುಂದೆಯೇ ಇಡಿಸು. ಎನ್ಎಚ್ 4 ಅನ್ನುವ ನಂಬರ್ ಹೋಗಿ 48 ಆಯಿತು. ಆದರೂ ರಾಣೆಬೆನ್ನೂರಿನಲ್ಲಿ ಯಾರನ್ನು ಕೇಳಿದರೂ ಪಿ.ಬಿ. ರೋಡ್ ಅಂತಲೇ ಹೇಳುತ್ತಾರೆ, ಅಲ್ವಾ?

ಇನ್ನೊಂದು. ಸಂಜೆ ಹೊತ್ತು ಅಪ್ಪನನ್ನು ಹೋಟೆಲ್ ಮುಂದೆ ಕೂರಿಸಿ ಮಾತಾಡಿಸು. ಯಾವ ವರ್ಷ ಶುರು ಮಾಡಿದರು, ಮೊದಲ ದಿನ ಎಷ್ಟು ಗಲ್ಲೆ ಆಯಿತು, ಮಳೆಗಾಲದಲ್ಲಿ ಲಾರಿ ಸಾಲು ಎಲ್ಲಿಯವರೆಗೆ ನಿಲ್ಲುತ್ತಿತ್ತು, ಎಲ್ಲ ಕೇಳು. ಫೋನಿನಲ್ಲಿ ರೆಕಾರ್ಡ್ ಮಾಡಿಕೋ. ಅಪ್ಪ, ನೀವು ಅದರಲ್ಲೇನಿದೆ ಅನ್ನಬೇಡಿ. ನನಗೆ ಬೇಕು.

ಅಪ್ಪನಿಗೆ ಸೆಲಿಗ್‌ಮನ್‌ನಿಂದ ಒಂದು ಚಹಾ ಮಗ್ಗು ತಂದಿದ್ದೇನೆ, ಅವ್ವನಿಗೆ ಹುವಾಲಪೈ ಹೆಂಗಸೊಬ್ಬರು ಪೋಣಿಸಿದ ಮಣಿಸರ. ಗುರುವಾರ ಪೋಸ್ಟ್ ಮಾಡುತ್ತೇನೆ.

ಉದ್ರಿ ಪುಸ್ತಕ ಅಟ್ಟದ ಮೇಲೆ, ಹಳೆಯ ತಕ್ಕಡಿಯ ಪಕ್ಕದ ಟ್ರಂಕಿನಲ್ಲಿ ಇರಬೇಕು. ಗೆದ್ದಲು ಹಿಡಿದಿದೆಯಾ ನೋಡು. ಸಿಕ್ಕ ತಕ್ಷಣ ಮೊದಲ ಪುಟದ ಫೋಟೋ ಕಳಿಸು.

ನಿಮ್ಮ ಪ್ರೀತಿಯ ಮಗಳು