ಹೊರ ವರ್ತುಲ ರಸ್ತೆಯ ಬಸ್ ಪಥವನ್ನು ಮರಳಿ ಕೊಡಿ

ಮಾನ್ಯ ಸಂಪಾದಕರೇ,

ಬೆಂಗಳೂರಿನ ಸಂಚಾರ ದಟ್ಟಣೆಯ ಮಾತು ಬಂದಾಗಲೆಲ್ಲ ಹೊಸ ಬಸ್ಸುಗಳನ್ನು ಬಿಡಬೇಕು ಎಂದು ಕೆಲವರೂ ಮೇಲ್ಸೇತುವೆ ಕಟ್ಟಬೇಕು ಎಂದು ಇನ್ನು ಕೆಲವರೂ ಒತ್ತಾಯಿಸುತ್ತಾರೆ. ಹದಿನಾಲ್ಕು ವರ್ಷಗಳಿಂದ ರಾಮಮೂರ್ತಿನಗರದಿಂದ ಅಗರದವರೆಗೆ ಬಸ್ಸಿನಲ್ಲೇ ಕೆಲಸಕ್ಕೆ ಹೋಗಿಬರುತ್ತಿರುವ ನನಗೆ ಇವೆರಡಕ್ಕಿಂತ ತುರ್ತಾಗಿ ಕಾಣುವುದು ಈಗಾಗಲೇ ಇರುವ ಬಸ್ಸುಗಳಿಗೆ ಓಡಲು ದಾರಿ ಮಾಡಿಕೊಡುವ ಕೆಲಸ. ಆ ದಾರಿ ನಮ್ಮ ಹೊರ ವರ್ತುಲ ರಸ್ತೆಯಲ್ಲಿ ಒಮ್ಮೆ ಇತ್ತು ಎಂಬುದನ್ನು ನಗರ ಮರೆಯುತ್ತಿದೆ ಎಂಬ ಆತಂಕದಿಂದ ಈ ಪತ್ರ ಬರೆಯುತ್ತಿದ್ದೇನೆ.

2019ರ ಕೊನೆಯಲ್ಲಿ ಸಿಲ್ಕ್ ಬೋರ್ಡ್‌ನಿಂದ ಟಿನ್ ಫ್ಯಾಕ್ಟರಿ ಕಡೆಗೆ, ಸುಮಾರು 20 ಕಿಲೋಮೀಟರ್ ಉದ್ದಕ್ಕೆ, ರಸ್ತೆಯ ಒಂದು ಪಥವನ್ನು ಗೂಟಗಳಿಂದ ಬೇರ್ಪಡಿಸಿ ಬಸ್ಸುಗಳಿಗೆ ಮೀಸಲಿಡಲಾಗಿತ್ತು. ಅದರಲ್ಲಿ ಕೊರತೆಗಳಿದ್ದವು, ಗೂಟಗಳು ವಾಹನಗಳು ಗುದ್ದಿ ಬಾಗಿದ್ದವು, ಅವುಗಳ ನಡುವಿನ ಸಂದಿಯಿಂದ ಬೈಕ್‌ಗಳು ನುಸುಳುತ್ತಿದ್ದವು, ಮೇಲ್ಸೇತುವೆ ಇಳಿಯುವಲ್ಲಿ ಬಸ್ಸು ಮತ್ತೆ ಕಾರುಗಳ ಸಾಲಿಗೇ ಸೇರಿಕೊಳ್ಳಬೇಕಾಗಿತ್ತು. ಹಾಗಿದ್ದರೂ ಆ ಕೆಲವು ತಿಂಗಳು ನಾನು ಬೆಳಿಗ್ಗೆ ಮನೆಯಿಂದ ಅರ್ಧ ಗಂಟೆ ತಡವಾಗಿ ಹೊರಟರೂ ಹೊತ್ತಿಗೆ ಸರಿಯಾಗಿ ಕಚೇರಿ ತಲುಪುತ್ತಿದ್ದೆ. ಪಕ್ಕದಲ್ಲಿ ನಿಂತುಬಿಟ್ಟಿದ್ದ ಕಾರುಗಳನ್ನು ದಾಟಿ ನಮ್ಮ ಬಸ್ಸು ಮುಂದೆ ಸಾಗುವುದನ್ನು ನಾನು ಈ ಊರಿನಲ್ಲಿ ಕಂಡದ್ದು ಆಗ ಮಾತ್ರ. ಮರುವರ್ಷ ಕೊರೊನಾ ಬಂತು, ಆಮೇಲೆ ಮೆಟ್ರೊ ಕಾಮಗಾರಿಯ ತಡೆಗೋಡೆಗಳು ಬಂದವು, ಪಥ ಇಲ್ಲವಾಯಿತು.

ಅದು ಇಲ್ಲವಾದದ್ದರಿಂದ ಆದ ನಷ್ಟವನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಇಪ್ಪತ್ತು ಕಿಲೋಮೀಟರ್ ದಾರಿಯನ್ನು ಬಸ್ಸು ಒಂದು ಗಂಟೆಯಲ್ಲಿ ಕ್ರಮಿಸಿದರೆ ಹೋಗಿಬರಲು ಎರಡು ಗಂಟೆ ಬೇಕು. ಹತ್ತು ನಿಮಿಷಕ್ಕೊಂದು ಬಸ್ಸು ಬರಬೇಕೆಂದರೆ 12 ಬಸ್ಸುಗಳಿದ್ದರೆ ಸಾಕು. ಅದೇ ದಾರಿಗೆ ಒಂದು ಕಡೆಗೇ ಎರಡು ಗಂಟೆ ಹಿಡಿದರೆ ಅದೇ ಸೇವೆಗೆ 24 ಬಸ್ಸುಗಳು ಬೇಕಾಗುತ್ತವೆ, ಅಷ್ಟೇ ಪ್ರಮಾಣದಲ್ಲಿ ಚಾಲಕರೂ ನಿರ್ವಾಹಕರೂ ಬೇಕಾಗುತ್ತಾರೆ, ಇಂಧನವೂ ಹೆಚ್ಚು ಖರ್ಚಾಗುತ್ತದೆ, ಪ್ರಯಾಣಿಕರಿಗೆ ಮಾತ್ರ ಒಂದೇ ಒಂದು ಬಸ್ಸೂ ಹೆಚ್ಚಾಗಿ ಸಿಗುವುದಿಲ್ಲ. ಸುಮಾರು 7 ಸಾವಿರ ಬಸ್ಸುಗಳಲ್ಲಿ ದಿನಕ್ಕೆ 40 ಲಕ್ಷಕ್ಕೂ ಹೆಚ್ಚು ಜನರನ್ನು ಸಾಗಿಸುತ್ತಿರುವ ಬಿಎಂಟಿಸಿಗೆ ಸರ್ಕಾರ ಹೊಸ ಬಸ್ಸು ಕೊಡಿಸುವುದು ಸ್ವಾಗತಾರ್ಹವೇ, ಆದರೆ ಅವು ಬಂದು ಅದೇ ಸಾಲಿನಲ್ಲಿ ನಿಲ್ಲುವುದಾದರೆ ಖರ್ಚು ಮಾಡಿದ ಹಣದ ಅರ್ಧಭಾಗ ರಸ್ತೆಯಲ್ಲೇ ಕರಗಿಹೋಗುತ್ತದೆ. ಒಮ್ಮೆ ಮಾರತ್ತಹಳ್ಳಿ ಸೇತುವೆಯ ಬಳಿ ಬಸ್ಸು ಬಹಳ ಹೊತ್ತು ಅಲುಗಾಡದೆ ನಿಂತಾಗ ನಿರ್ವಾಹಕಿಯೊಬ್ಬರು ಟಿಕೆಟ್ ಯಂತ್ರವನ್ನು ತೊಡೆಯ ಮೇಲಿಟ್ಟುಕೊಂಡು ಹೇಳಿದ ಮಾತು ನೆನಪಿದೆ: "ಐದು ಟ್ರಿಪ್ ಬರ್ದಿರ್ತಾರೆ ಮೇಡಂ, ನಾಲ್ಕು ಮುಗಿದ್ರೆ ದೊಡ್ಡದು." ಹಾಗೆ ಉಳಿದುಹೋದ ಐದನೆಯ ಟ್ರಿಪ್ಪಿಗಾಗಿ ಮುಂದಿನ ಯಾವುದೋ ನಿಲ್ದಾಣದಲ್ಲಿ ಜನ ಕಾಯುತ್ತಲೇ ಇರುತ್ತಾರೆ.

ನಿಲ್ದಾಣಗಳ ಸ್ಥಿತಿಯನ್ನೂ ಹೇಳಲೇಬೇಕು. ಬಸ್ಸು ಒಳಗೆ ಬಂದು ನಿಲ್ಲಬೇಕಾದ ಜಾಗದಲ್ಲಿ ಸಂಜೆಯ ವೇಳೆ ಕ್ಯಾಬ್‌ಗಳೂ ಊಟ ತಲುಪಿಸುವವರ ಬೈಕ್‌ಗಳೂ ಸಾಲುಗಟ್ಟಿರುತ್ತವೆ, ಆದ್ದರಿಂದ ಬಸ್ಸು ರಸ್ತೆಯ ಎರಡನೆಯ ಸಾಲಿನಲ್ಲೇ ನಿಲ್ಲುತ್ತದೆ. ಕಳೆದ ಮಳೆಗಾಲದ ಒಂದು ಸಂಜೆ, ಮನೆಗೆಲಸ ಮುಗಿಸಿ ಹೊರಟಿದ್ದ ವಯಸ್ಸಾದ ತಾಯಿಯೊಬ್ಬರು ಊಟದ ಚೀಲವನ್ನು ಎದೆಗವಚಿಕೊಂಡು, ಸೀರೆಯ ನೆರಿಗೆಯನ್ನು ಇನ್ನೊಂದು ಕೈಯಲ್ಲಿ ಎತ್ತಿ ಹಿಡಿದು, ಎರಡು ಕಾರುಗಳ ನಡುವಿನ ಕೊಚ್ಚೆ ದಾಟಿ ಬಸ್ಸಿನ ಬಾಗಿಲು ಹಿಡಿದರು. ನಿರ್ವಾಹಕರು ಕೆಳಗಿಳಿದು "ಹೋಲ್ಡಾನ್, ಹೋಲ್ಡಾನ್" ಎಂದು ಬಸ್ಸಿನ ಪಕ್ಕೆಗೆ ಬಡಿಯುತ್ತಾ ಅವರನ್ನು ಹತ್ತಿಸಿಕೊಂಡರು; ಹಿಂದಿನ ವಾಹನಗಳು ಅಷ್ಟು ಹೊತ್ತೂ ಹಾರ್ನ್ ಬಾರಿಸುತ್ತಲೇ ಇದ್ದವು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗಿನಿಂದ ಇಂತಹ ತಾಯಂದಿರ ಟಿಕೆಟ್ಟಿನ ಖರ್ಚು ಉಳಿದಿದೆ, ಅದರ ಬೆಲೆ ಏನೆಂಬುದು ಅವರ ಜೊತೆ ಪ್ರಯಾಣಿಸುವ ನನಗೆ ಗೊತ್ತು. ಅವರು ದಿನಕ್ಕೆ ಮೂರು ಗಂಟೆ ನಿಂತುಕೊಂಡೇ ಪ್ರಯಾಣ ಮಾಡುವುದು ಮಾತ್ರ ತಪ್ಪಿಲ್ಲ.

ಮೆಟ್ರೊ ಬಂದಮೇಲೆ ಎಲ್ಲವೂ ಸರಿಹೋಗುತ್ತದೆ ಎಂದು ಹೇಳುವವರಿದ್ದಾರೆ. 2025ರ ಆಗಸ್ಟ್‌ನಲ್ಲಿ ಆರ್‌.ವಿ. ರಸ್ತೆ–ಬೊಮ್ಮಸಂದ್ರ ನಡುವಿನ ಹಳದಿ ಮಾರ್ಗ ಆರಂಭವಾದಾಗ ಮೆಟ್ರೊ ಪ್ರಯಾಣಿಕರ ಸಂಖ್ಯೆ ಒಂದೇ ದಿನ 10 ಲಕ್ಷ ದಾಟಿದ್ದನ್ನು ಕಂಡು ನಾನೂ ಸಂತೋಷಪಟ್ಟವಳೇ. ಸಿಲ್ಕ್ ಬೋರ್ಡ್–ಕೆ.ಆರ್‌. ಪುರ ನಡುವಿನ ನೀಲಿ ಮಾರ್ಗದಲ್ಲಿ 13 ನಿಲ್ದಾಣಗಳು ಬರಲಿವೆ. ಆದರೆ ಮೆಟ್ರೊದಿಂದ ಇಳಿದವರು ಮನೆಗೂ ಕೆಲಸದ ಜಾಗಕ್ಕೂ ತಲುಪಬೇಕಾದದ್ದು ಬಸ್ಸಿನಲ್ಲೇ. 2025ರ ಫೆಬ್ರುವರಿಯಲ್ಲಿ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಮೆಟ್ರೊ ಏರಲು ಹಿಂಜರಿದು ಬಸ್ಸಿಗೇ ಮರಳಿದವರು ನಮ್ಮ ಓಣಿಯಲ್ಲೇ ಇದ್ದಾರೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ 17 ಸಾವಿರ ಕೋಟಿ ರೂಪಾಯಿಗೂ ಮೀರಿದ ಅಂದಾಜಿನ ಸುರಂಗ ರಸ್ತೆಯನ್ನು ಯೋಜಿಸುವ ಸರ್ಕಾರಕ್ಕೆ ನೆಲದ ಮೇಲಿನ ಒಂದು ಪಥವನ್ನು ಬಸ್ಸಿಗೆ ಬಿಟ್ಟುಕೊಡುವುದು ದೊಡ್ಡ ಖರ್ಚಿನ ಮಾತಲ್ಲ. ಬೇಕಾಗಿರುವುದು ಕಾರುಗಳಿಗೆ ಸ್ವಲ್ಪ ಜಾಗ ಕಡಿಮೆ ಮಾಡುತ್ತೇವೆ ಎಂದು ಜನರ ಮುಂದೆ ಹೇಳುವ ಧೈರ್ಯ. ಹುಬ್ಬಳ್ಳಿ–ಧಾರವಾಡ ನಡುವಿನ ಸುಮಾರು 22 ಕಿಲೋಮೀಟರ್ ಹಾದಿಯಲ್ಲಿ ಚಿಗರಿ ಬಸ್ಸುಗಳಿಗೆ ಪ್ರತ್ಯೇಕ ಪಥ ಕೊಟ್ಟದ್ದು ನಮ್ಮ ರಾಜ್ಯವೇ. ಅಲ್ಲಿ ಉಳಿದ ವಾಹನಗಳಿಗೆ ರಸ್ತೆ ಕಿರಿದಾಯಿತೆಂಬ ದೂರು ಇರುವುದು ನಿಜ, ಅದರಿಂದ ಕಲಿತು ಇಲ್ಲಿ ಇನ್ನೂ ಚೆನ್ನಾಗಿ ವಿನ್ಯಾಸ ಮಾಡಬಹುದು.

ನನಗೆ ಅರ್ಥವಾದ ಮಟ್ಟಿಗೆ, ಬಸ್ಸು ಓಡಿಸುವ ಸಂಸ್ಥೆ ಒಂದು, ರಸ್ತೆ ಹಾಕುವುದು ಮತ್ತೊಂದು, ಸಿಗ್ನಲ್ ನೋಡಿಕೊಳ್ಳುವುದು ಸಂಚಾರ ಪೊಲೀಸರು, ಕಂಬ ನೆಡುವುದು ಮೆಟ್ರೊ ನಿಗಮ ಎಂಬಂತೆ ಹೊಣೆ ಹರಿದು ಹಂಚಿಹೋಗಿರುವುದೇ ಇಲ್ಲಿನ ಮುಖ್ಯ ತೊಡಕು. ಇವರೆಲ್ಲರನ್ನೂ ಒಂದೇ ಮೇಜಿನ ಮುಂದೆ ಕೂರಿಸಲೆಂದೇ ಬೆಂಗಳೂರು ಮಹಾನಗರ ಭೂ ಸಾರಿಗೆ ಪ್ರಾಧಿಕಾರ ಕಾಯ್ದೆ, 2022 ಬಂದಿದೆ. ಬಸ್ ಪಥದ ತೀರ್ಮಾನವನ್ನು ಆ ಪ್ರಾಧಿಕಾರ ಕೈಗೆತ್ತಿಕೊಳ್ಳಲಿ ಎಂಬುದು ನನ್ನ ವಿನಂತಿ.

ಮೆಟ್ರೊ ಕಾಮಗಾರಿಯ ತಡೆಗೋಡೆಗಳು ತೆರವಾಗುತ್ತಿದ್ದಂತೆ ಈ ರಸ್ತೆಗೆ ಮತ್ತೆ ಡಾಂಬರು ಬೀಳಲಿದೆ. ಖಾಲಿಯಾದ ಜಾಗಕ್ಕೆ ಕಾರುಗಳು ಒಮ್ಮೆ ಒಗ್ಗಿಕೊಂಡರೆ ಆಮೇಲೆ ಅದನ್ನು ಬಿಡಿಸಿಕೊಳ್ಳುವುದು ಯಾವ ಅಧಿಕಾರಿಗೂ ಸುಲಭವಾಗಲಾರದು. ಆದ್ದರಿಂದ ಪಥದ ಗೆರೆಗಳನ್ನು ಎಳೆಯುವ ದಿನವೇ ಬಸ್ಸಿನ ಪಥವನ್ನೂ ಗುರುತಿಸಬೇಕು, ಮೇಲ್ಸೇತುವೆ ಇಳಿಯುವ ಜಾಗಗಳಲ್ಲಿ ಬಸ್ಸಿಗೆ ಮೊದಲು ಬಿಡುವ ಸಿಗ್ನಲ್ ಇಡಬೇಕು, ಪಥದೊಳಗೆ ನುಗ್ಗುವ ವಾಹನಗಳಿಗೆ ಕ್ಯಾಮೆರಾ ನೋಡಿ ದಂಡ ಹಾಕಬೇಕು, ನಿಲ್ದಾಣದ ಮುಂದೆ ವಾಹನ ನಿಲ್ಲಿಸುವುದನ್ನು ಬೆಳಿಗ್ಗೆ ಮತ್ತು ಸಂಜೆಯ ವೇಳೆಯಲ್ಲಾದರೂ ಕಟ್ಟುನಿಟ್ಟಾಗಿ ತಡೆಯಬೇಕು ಎಂದು ತಮ್ಮ ಪತ್ರಿಕೆಯ ಮೂಲಕ ಸಾರಿಗೆ ಸಚಿವರನ್ನೂ ಪ್ರಾಧಿಕಾರವನ್ನೂ ಕೋರುತ್ತೇನೆ.

ಇಂತಿ,
ಬಸ್ ಪ್ರಯಾಣಿಕಳೊಬ್ಬಳು
ರಾಮಮೂರ್ತಿನಗರ, ಬೆಂಗಳೂರು