ಹದಿನೆಂಟು ಕಾರುಗಳು ಮತ್ತು ಒಂದು ಕಾರು: ಯುವ ಬರಹಗಾರರೊಬ್ಬರಿಗೆ ಪತ್ರ

ಪ್ರಿಯ ಯುವಮಿತ್ರರಿಗೆ,

ನಮಸ್ಕಾರಗಳು. ಉಭಯಕುಶಲೋಪರಿ.

2001ರಲ್ಲಿ ಅಮೆರಿಕದ ಫ್ಲಾರಿಡಾದಲ್ಲಿ ನಡೆದ ‘ಡೇಟೋನಾ 500’ ಎಂಬ 500 ಮೈಲಿಗಳ ಕಾರು ಓಟದ ಬಗ್ಗೆ ನೀವು ಬರೆದು ಕಳುಹಿಸಿದ ಲೇಖನವನ್ನು ನಿಧಾನವಾಗಿ ಓದಿದೆ. ಷಾರ್ಲಟ್ ನಗರದಲ್ಲಿ ನೆಲೆಸಿ, ಮಾಮೂಲಿ ಕಾರಿನ ರೂಪದ ‘ಸ್ಟಾಕ್ ಕಾರ್’ಗಳನ್ನು ಓಡಿಸುವ ತಂಡಗಳ ಕಾರ್ಯಾಗಾರಗಳ ನಡುವೆಯೇ ಓಡಾಡುತ್ತಿರುವ ನೀವು ಈ ಆಟದ ಬಗ್ಗೆ ಕನ್ನಡದಲ್ಲಿ ಬರೆಯಲು ಹೊರಟಿರುವುದು ನನಗೆ ಬಹಳ ಸಂತೋಷ ಕೊಟ್ಟಿದೆ. ನಮ್ಮಲ್ಲಿ ಫಾರ್ಮುಲಾ ಒನ್ ಬಗ್ಗೆ ಬರೆಯುವವರು ಅಲ್ಲೊಬ್ಬರು ಇಲ್ಲೊಬ್ಬರು ಸಿಗುತ್ತಾರೆ, ಆದರೆ ಅಮೆರಿಕದ ದಕ್ಷಿಣ ಸೀಮೆಯ ಜನ ತಮ್ಮ ಮನೆಯ ಮಾತಿನಂತೆ ಆಡಿಕೊಳ್ಳುವ ಈ ಓಟದ ಕಡೆಗೆ ಯಾರೂ ಹೆಚ್ಚು ನೋಡಿಲ್ಲ. ನಿಮ್ಮ ವಾಕ್ಯಗಳಲ್ಲಿ ಶಕ್ತಿಯಿದೆ, ವೇಗದ ವರ್ಣನೆ ಚೆನ್ನಾಗಿದೆ. ನನ್ನ ಆಕ್ಷೇಪ ಇರುವುದು ಲೇಖನದ ಅಳತೆಯ ಬಗ್ಗೆ. 173ನೇ ಸುತ್ತಿನಲ್ಲಿ ಹದಿನೆಂಟು ಕಾರುಗಳು ಸಿಕ್ಕಿಕೊಂಡ ಸರಣಿ ಅಪಘಾತಕ್ಕೆ ನೀವು ಅರ್ಧಕ್ಕಿಂತ ಹೆಚ್ಚು ಜಾಗ ಕೊಟ್ಟಿದ್ದೀರಿ. ಕೊನೆಯ ಸುತ್ತಿನ ಕೊನೆಯ ತಿರುವಿನಲ್ಲಿ, ಏಳು ಸಲ ಚಾಂಪಿಯನ್ ಆಗಿದ್ದ ಚಾಲಕ ಡೇಲ್ ಅರ್ನ್‌ಹಾರ್ಟ್ ಪ್ರಾಣ ಬಿಟ್ಟಿದ್ದಕ್ಕೆ ನಾಲ್ಕೇ ಸಾಲುಗಳು ಸಂದಿವೆ. ಈ ಪತ್ರದುದ್ದಕ್ಕೂ ನಾನು ಹೇಳಬೇಕೆಂದಿರುವುದು ಆ ಅಳತೆಯ ವಿಚಾರವನ್ನೇ.

ನೀವು ಹಾಗೆ ಬರೆದದ್ದೇಕೆಂದು ನನಗೆ ಅರ್ಥವಾಗುತ್ತದೆ. 173ನೇ ಸುತ್ತಿನ ದೃಶ್ಯ ಕಣ್ಣನ್ನು ಬಿಡುವುದಿಲ್ಲ. ರಾಬಿ ಗಾರ್ಡನ್ ಅವರ ಕಾರು ವಾರ್ಡ್ ಬರ್ಟನ್ ಅವರ ಕಾರಿಗೆ ತಗಲುತ್ತದೆ. ಮರುಕ್ಷಣ ಹಿಂಬದಿಯ ನೇರದಾರಿಯ ತುಂಬ ಹೊಗೆ ಕವಿಯುತ್ತದೆ, ಟೋನಿ ಸ್ಟೂವರ್ಟ್ ಅವರ ಕಿತ್ತಳೆ ಬಣ್ಣದ ಕಾರು ಮೇಲಕ್ಕೆದ್ದು ಗಾಳಿಯಲ್ಲಿ ಉರುಳಿ, ಅವರದೇ ತಂಡದ ಬಾಬಿ ಲಬಾಂಟಿ ಅವರ ಕಾರಿನ ಮೇಲೆ ಬಂದು ಬೀಳುತ್ತದೆ. ಓಟವನ್ನೇ ನಿಲ್ಲಿಸಿ ಕೆಂಪು ಬಾವುಟ ತೋರಿಸಬೇಕಾಯಿತು. ಅದನ್ನು ಕಂಡವರೆಲ್ಲ ಯಾರೋ ಸತ್ತಿರಬೇಕು ಎಂದೇ ಭಾವಿಸಿದರು. ಯಾರೂ ಸಾಯಲಿಲ್ಲ. ಸ್ಟೂವರ್ಟ್ ಅವರನ್ನು ಆಸ್ಪತ್ರೆಗೆ ಕರೆದೊಯ್ದರು, ಆದರೆ ಅವರು ಚೇತರಿಸಿಕೊಂಡು ಮುಂದಿನ ವರ್ಷ, 2002ರಲ್ಲಿ, ಇಡೀ ವರ್ಷದ ಓಟಗಳ ಸರಣಿಯ ಚಾಂಪಿಯನ್ ಆದರು.

ಕಾರುಗಳನ್ನು ಎಣಿಸಿ ಅಪಘಾತದ ತೂಕ ಹೇಳಲಾಗದು ಎಂಬುದಕ್ಕೆ ಈ ಆಟದ ಚರಿತ್ರೆಯಲ್ಲೇ ಬೇರೆ ಸಾಕ್ಷಿಗಳಿವೆ. 1960ರ ಫೆಬ್ರುವರಿಯಲ್ಲಿ ಇದೇ ಡೇಟೋನಾದಲ್ಲಿ ನಡೆದ ಮಾಡಿಫೈಡ್ ಮತ್ತು ಸ್ಪೋರ್ಟ್ಸ್‌ಮನ್ ಎಂಬ ವರ್ಗಗಳ ಕಾರುಗಳ ಓಟದಲ್ಲಿ 68 ಕಾರುಗಳು ಹೊರಟು, ಮೊದಲ ಸುತ್ತಿನಲ್ಲೇ 37 ಕಾರುಗಳು ಒಂದರ ಮೇಲೊಂದು ಬಿದ್ದವು. ಸ್ಟಾಕ್ ಕಾರ್ ಓಟಗಳನ್ನು ನಡೆಸುವ ನಾಸ್ಕಾರ್ ಸಂಸ್ಥೆಯ ಯಾವ ಓಟವೂ ಆ ಸಂಖ್ಯೆಯನ್ನು ಇಂದಿಗೂ ದಾಟಿಲ್ಲ, ಆದರೆ ಅಂದು ಒಂದು ಪ್ರಾಣವೂ ಹೋಗಲಿಲ್ಲ. 2003ರ ಏಪ್ರಿಲ್‌ನಲ್ಲಿ ಅಲಬಾಮಾದ ಟ್ಯಾಲಡೇಗಾದಲ್ಲಿ ನಾಲ್ಕನೇ ಸುತ್ತಿನಲ್ಲಿ ರಯಾನ್ ನ್ಯೂಮನ್ ಅವರ ಟೈರು ಸಿಡಿದು 27 ಕಾರುಗಳು ಅಪಘಾತಕ್ಕೆ ಸಿಕ್ಕಿದವು. ಅದರಲ್ಲೇ ಸಿಕ್ಕಿದ್ದ, ಡೇಲ್ ಅವರ ಮಗ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಅದೇ ಕಾರನ್ನು ಸರಿಪಡಿಸಿಕೊಂಡು ಬಂದು ಆ ಓಟವನ್ನು ಗೆದ್ದರು.

ಈಗ ಕೊನೆಯ ಸುತ್ತಿಗೆ ಬನ್ನಿ. ಮುಂದೆ ಮೈಕಲ್ ವಾಲ್ಟ್ರಿಪ್, ಅವರ ಹಿಂದೆ ಡೇಲ್ ಜೂನಿಯರ್, ಮೂರನೆಯವರಾಗಿ ಅರ್ನ್‌ಹಾರ್ಟ್. ಮುಂದಿನ ಆ ಎರಡು ಕಾರುಗಳೂ ಅರ್ನ್‌ಹಾರ್ಟ್ ಅವರದೇ ಒಡೆತನದವು. ನಾಲ್ಕನೇ ತಿರುವಿನಲ್ಲಿ ಅವರ ಕಪ್ಪು ಬಣ್ಣದ ಮೂರನೇ ನಂಬರಿನ ಕಾರಿಗೆ ಸ್ಟರ್ಲಿಂಗ್ ಮಾರ್ಲಿನ್ ಅವರ ಕಾರು ತಗಲಿತು. ಕಪ್ಪು ಕಾರು ಮೊದಲು ಎಡಕ್ಕೆ ಕೆಳಗಿಳಿಯಿತು, ಅನಂತರ ಒಮ್ಮೆಲೇ ಬಲಕ್ಕೆ ತಿರುಗಿ ಮೇಲೇರಿತು, ಕೆನ್ ಶ್ರೇಡರ್ ಅವರ ಕಾರನ್ನು ಸೇರಿಸಿಕೊಂಡು ಕಾಂಕ್ರೀಟ್ ಗೋಡೆಗೆ ಬಡಿಯಿತು. ಅಷ್ಟೇ. ಕಾರು ಹಾರಲಿಲ್ಲ, ಪಲ್ಟಿ ಹೊಡೆಯಲಿಲ್ಲ, ಬೆಂಕಿ ಹೊತ್ತಿಕೊಳ್ಳಲಿಲ್ಲ. ಟಿ.ವಿ. ವೀಕ್ಷಕ ವಿವರಣೆ ಕೊಡುತ್ತಿದ್ದ ಡ್ಯಾರೆಲ್ ವಾಲ್ಟ್ರಿಪ್, ಅದುವರೆಗೆ 462 ಓಟಗಳಲ್ಲಿ ಒಂದನ್ನೂ ಗೆಲ್ಲದಿದ್ದ ತನ್ನ ತಮ್ಮ ಮೊದಲ ಬಾರಿಗೆ ಗೆಲ್ಲುತ್ತಿರುವುದನ್ನು ಕಂಡು ಆನಂದದಿಂದ ಕೂಗುತ್ತಿದ್ದರು. ಅದೇ ಹೊತ್ತಿಗೆ ತನ್ನ ಕಾರಿನಿಂದ ಇಳಿದ ಶ್ರೇಡರ್ ಪಕ್ಕದ ಕಾರಿನ ಕಿಟಕಿಯೊಳಗೆ ಬಗ್ಗಿ ನೋಡಿ, ತಕ್ಷಣ ವೈದ್ಯಕೀಯ ಸಿಬ್ಬಂದಿಯನ್ನು ಕೈಬೀಸಿ ಕರೆದರು. ನಿಮ್ಮ ಲೇಖನದಲ್ಲಿ ಶ್ರೇಡರ್ ಅವರ ಹೆಸರೇ ಇಲ್ಲ. ಆ ಸಂಜೆ ಏನಾಯಿತೆಂದು ಮೊದಲು ತಿಳಿದ ಮನುಷ್ಯ ಅವರು, ಅವರನ್ನು ಬಿಟ್ಟು ಈ ಲೇಖನ ಪೂರ್ಣವಾಗುವುದಿಲ್ಲ.

ಎರಡು ಅಪಘಾತಗಳ ನಡುವಿನ ಈ ವ್ಯತ್ಯಾಸವನ್ನು ವಿಧಿಯ ಆಟವೆಂದು ನೀವು ಬರೆದಿದ್ದೀರಿ. ದಯವಿಟ್ಟು ಆ ಮಾತನ್ನು ತೆಗೆದುಬಿಡಿ, ಏಕೆಂದರೆ ಇದಕ್ಕೆ ಕಾರಣವಿದೆ ಮತ್ತು ಆ ಕಾರಣವನ್ನು ಓದುಗನಿಗೆ ತಿಳಿಹೇಳುವುದು ನಿಮ್ಮ ಕೆಲಸ. ಉರುಳುತ್ತಾ ಹೋಗುವ ಕಾರು ತನ್ನ ವೇಗವನ್ನು ಹಲವು ಸೆಕೆಂಡುಗಳಲ್ಲಿ, ನೂರಾರು ಮೀಟರ್ ದೂರದಲ್ಲಿ, ತಗಡು ಹರಿದು ಚಕ್ರ ಕಿತ್ತು ಸ್ವಲ್ಪ ಸ್ವಲ್ಪವಾಗಿ ಕಳೆದುಕೊಳ್ಳುತ್ತದೆ. ನೋಡಲು ಅದು ಭಯಂಕರ, ಆದರೆ ಒಳಗೆ ಕುಳಿತವನ ದೇಹಕ್ಕೆ ಪೆಟ್ಟು ಹಂಚಿಕೊಂಡು ತಲುಪುತ್ತದೆ. ಗೋಡೆಗೆ ಓರೆಯಾಗಿ ಮೂತಿಯಿಂದ ಬಡಿಯುವ ಕಾರು ತನ್ನ ವೇಗದ ದೊಡ್ಡ ಪಾಲನ್ನು ಒಂದು ಸೆಕೆಂಡಿನ ಸಣ್ಣ ಅಂಶದಲ್ಲೇ ಕಳೆದುಕೊಳ್ಳುತ್ತದೆ. ಬೆಲ್ಟುಗಳು ಎದೆಯನ್ನೂ ಸೊಂಟವನ್ನೂ ಹಿಡಿದು ನಿಲ್ಲಿಸುತ್ತವೆ, ತಲೆಯನ್ನು ಹಿಡಿಯುವವರು ಯಾರೂ ಇರುವುದಿಲ್ಲ, ಅದು ಹೆಲ್ಮೆಟ್ಟಿನ ಭಾರದೊಡನೆ ಮುಂದಕ್ಕೆ ಚಿಮ್ಮುತ್ತದೆ, ತಲೆಬುರುಡೆಯ ಬುಡದ ಮೂಳೆ ಆ ಸೆಳೆತವನ್ನು ತಾಳಲಾರದೆ ಒಡೆಯುತ್ತದೆ. 49 ವರ್ಷದ ಅರ್ನ್‌ಹಾರ್ಟ್ ಸತ್ತದ್ದು ಇದೇ ಬಗೆಯ ಗಾಯದಿಂದ. ಈ ಕೆಲವು ವಾಕ್ಯಗಳಲ್ಲಿರುವ ವಿಷಯವನ್ನು ನೀವು ನಿಮ್ಮ ಮಾತಿನಲ್ಲಿ, ಅವಸರವಿಲ್ಲದೆ ಬರೆದರೆ ಓದುಗನಿಗೆ ಎರಡೂ ಅಪಘಾತಗಳು ಒಟ್ಟಿಗೆ ಅರ್ಥವಾಗುತ್ತವೆ.

ಇನ್ನೊಂದು ಮಾತು: ಅಪಘಾತ 173ನೇ ಸುತ್ತಿನಲ್ಲಿ ಶುರುವಾಯಿತು ಎಂದು ನಂಬಬೇಡಿ. ಅದು ವರ್ಷಗಳ ಹಿಂದೆಯೇ ಶುರುವಾಗಿತ್ತು. 1987ರಲ್ಲಿ ಟ್ಯಾಲಡೇಗಾದಲ್ಲಿ ಬಿಲ್ ಎಲಿಯಟ್ ಗಂಟೆಗೆ 212.809 ಮೈಲಿ, ಅಂದರೆ ಸುಮಾರು 342 ಕಿಲೋಮೀಟರ್ ವೇಗದ ಅರ್ಹತಾ ಸುತ್ತು ಓಡಿಸಿದರು. ಅದೇ ಓಟದಲ್ಲಿ ಬಾಬಿ ಆಲಿಸನ್ ಅವರ ಕಾರು ಟೈರು ಕೆಟ್ಟು ಮೇಲಕ್ಕೆದ್ದು, ಪ್ರೇಕ್ಷಕರ ಮುಂದಿನ ತಂತಿಬಲೆಯನ್ನೇ ಹರಿದುಹಾಕಿತು. ಇನ್ನು ಸ್ವಲ್ಪ ಮೇಲೆ ಹಾರಿದ್ದರೆ ಕಾರು ಜನರ ಮೇಲೆಯೇ ಬೀಳುತ್ತಿತ್ತು. ವೇಗ ತಗ್ಗಿಸಲೆಂದು 1988ರಿಂದ ಡೇಟೋನಾ ಮತ್ತು ಟ್ಯಾಲಡೇಗಾಗಳಲ್ಲಿ ಎಂಜಿನ್ನಿಗೆ ರೆಸ್ಟ್ರಿಕ್ಟರ್ ಪ್ಲೇಟ್ ಹಾಕುವುದು ಕಡ್ಡಾಯವಾಯಿತು. ಕಾರ್ಬುರೇಟರಿನ ಕೆಳಗೆ ಕೂರುತ್ತಿದ್ದ, ನಾಲ್ಕು ತೂತುಗಳುಳ್ಳ ಒಂದು ಲೋಹದ ಹಲಗೆ ಅದು. ಎಂಜಿನ್ನಿಗೆ ಗಾಳಿ ಕಡಿಮೆಯಾಗುತ್ತಿತ್ತು, ಶಕ್ತಿ ಕುಗ್ಗುತ್ತಿತ್ತು. ಪ್ರೇಕ್ಷಕರನ್ನು ಉಳಿಸಲು ತಂದ ಈ ನಿಯಮದಿಂದ ಆದದ್ದು ಮತ್ತೊಂದು: ಎಲ್ಲ ಕಾರುಗಳ ವೇಗವೂ ಹೆಚ್ಚುಕಡಿಮೆ ಒಂದೇ ಆಯಿತು, ಯಾರೂ ಗುಂಪಿನಿಂದ ತಪ್ಪಿಸಿಕೊಂಡು ಹೋಗಲಾರದಂತಾಯಿತು.

ಲಾರಿಯ ಬೆನ್ನಿಗೇ ಸೈಕಲ್ ತುಳಿದವರಿಗೆ ಗೊತ್ತಿರುವಂತೆ, ಮುಂದಿನ ವಾಹನ ಗಾಳಿಯನ್ನು ಸೀಳಿಕೊಟ್ಟರೆ ಹಿಂದಿನವನಿಗೆ ದಾರಿ ಹಗುರ. ಡ್ರಾಫ್ಟಿಂಗ್ ಎಂದರೆ ಅದೇ. ಒಂಟಿ ಕಾರಿಗಿಂತ ಅಂಟಿಕೊಂಡು ಓಡುವ ಎರಡು ಕಾರುಗಳು ವೇಗವಾಗಿ ಹೋಗುತ್ತವೆ, ಆದ್ದರಿಂದ ಗುಂಪು ಬಿಟ್ಟವನು ಹಿಂದೆ ಬೀಳುತ್ತಾನೆ. ಹೀಗೆ ಮೂರು ಸಾಲುಗಳಲ್ಲಿ, ಒಂದು ಕಾರಿನುದ್ದದ ಅಂತರವೂ ಇಲ್ಲದೆ, 31 ಡಿಗ್ರಿ ಓರೆಯಾದ ತಿರುವುಗಳಲ್ಲಿ ಗಂಟೆಗೆ ಸುಮಾರು 300 ಕಿಲೋಮೀಟರ್ ವೇಗದಲ್ಲಿ ಹೋಗುವಾಗ, ಪ್ರತಿ ಸೆಕೆಂಡಿಗೆ ಕಾರು 83 ಮೀಟರ್ ಮುಂದೆ ಹೋಗಿರುತ್ತದೆ. ಮುಂದಿನವನು ತಪ್ಪಿದ್ದು ಕಣ್ಣಿಗೆ ಬಿದ್ದು ಕಾಲು ಬ್ರೇಕಿಗೆ ಹೋಗುವ ಮೊದಲೇ ಎಲ್ಲವೂ ಮುಗಿದಿರುತ್ತದೆ. ‘ದಿ ಬಿಗ್ ಒನ್’ ಎಂದು ಅಲ್ಲಿನ ಜನ ಕರೆಯುವ ಆ ಭಾರಿ ಸರಣಿ ಅಪಘಾತವನ್ನು ಚಾಲಕರು ಅನಿರೀಕ್ಷಿತವೆಂದು ಎಣಿಸುವುದಿಲ್ಲ. ಅದು ಬಂದೇ ಬರುತ್ತದೆಂದು ತಿಳಿದೇ ಕಾರು ಹತ್ತುತ್ತಾರೆ.

2000ದ ಡೇಟೋನಾ 500ರಲ್ಲಿ ಮುನ್ನಡೆ ಬದಲಾದದ್ದು ಒಂಬತ್ತೇ ಸಲ, ಓಟ ಸಪ್ಪೆಯಾಯಿತೆಂದು ಎಲ್ಲರೂ ದೂರಿದರು. ಕಾರುಗಳ ಛಾವಣಿ ಮತ್ತು ಹಿಂಬದಿಯಲ್ಲಿ ಗಾಳಿಗೆ ಅಡ್ಡ ನಿಲ್ಲುವ ಸ್ಪಾಯ್ಲರ್ ಎಂಬ ಹಲಗೆಗೆ ಹೊಸ ಪಟ್ಟಿಗಳನ್ನು ಸೇರಿಸಿ ನಿಯಮ ಬದಲಿಸಿದರು. 2001ರಲ್ಲಿ ಮುನ್ನಡೆ 49 ಸಲ ಬದಲಾಯಿತು. ಅಂದರೆ ಆ ಗುಂಪು, ಆ ಒತ್ತಡ, ಆ ಅಪಾಯ ಎಲ್ಲವೂ ಜನರಿಗೆ ಬೇಕೆಂದು ಮಾಡಿಕೊಂಡದ್ದು. ಇದನ್ನು ಬರೆಯುವಾಗ ಅರ್ನ್‌ಹಾರ್ಟ್ ಅವರನ್ನು ಬರೀ ಬಲಿಪಶುವೆಂದು ಚಿತ್ರಿಸಬೇಡಿ. ಇಂಥ ಗುಂಪಿನ ಓಟದಲ್ಲಿ ಅವರಷ್ಟು ನುರಿತವರು ಇರಲಿಲ್ಲ. 2000ದ ಅಕ್ಟೋಬರ್‌ನಲ್ಲಿ ಟ್ಯಾಲಡೇಗಾದಲ್ಲಿ ಕೊನೆಯ ಐದಾರು ಸುತ್ತುಗಳಲ್ಲಿ ಹದಿನೆಂಟನೇ ಸ್ಥಾನದಿಂದ ಮೊದಲನೆಯದಕ್ಕೆ ಏರಿ ಗೆದ್ದರು, ಅದೇ ಅವರ ಕೊನೆಯ ಗೆಲುವು.

ನೀವು ಪತ್ರಕರ್ತರಾಗಬೇಕೆಂದಿರುವುದರಿಂದ ಇದನ್ನು ವಿಶೇಷವಾಗಿ ಹೇಳುತ್ತೇನೆ. 2000ದ ಒಂದೇ ವರ್ಷದಲ್ಲಿ ಆಡಮ್ ಪೆಟ್ಟಿ, ಕೆನ್ನಿ ಅರ್ವಿನ್ ಮತ್ತು ಟೋನಿ ರೋಪರ್ ಎಂಬ ಮೂವರು ನಾಸ್ಕಾರ್ ಚಾಲಕರು ತಲೆಬುರುಡೆಯ ಬುಡಕ್ಕೋ ಕುತ್ತಿಗೆಗೋ ಆದ ಪೆಟ್ಟಿನಿಂದ ಸತ್ತಿದ್ದರು. ಆಡಮ್‌ಗೆ ಹತ್ತೊಂಬತ್ತು ವರ್ಷ. ಇವು ಬೇರೆಬೇರೆ ಸಾವುಗಳಲ್ಲ, ಒಂದೇ ಸಾವು ಮತ್ತೆ ಮತ್ತೆ ಬರುತ್ತಿದೆ ಎಂಬುದನ್ನು ‘ಆರ್ಲಾಂಡೊ ಸೆಂಟಿನೆಲ್’ ಪತ್ರಿಕೆ 2001ರ ಡೇಟೋನಾ 500ಕ್ಕೆ ಸುಮಾರು ಒಂದು ವಾರ ಮೊದಲೇ ಲೇಖನಮಾಲೆಯಾಗಿ ಪ್ರಕಟಿಸಿತ್ತು. ತಲೆ ಮುಂದಕ್ಕೆ ಚಿಮ್ಮದಂತೆ ತಡೆಯುವ ಹ್ಯಾನ್ಸ್ ಎಂಬ ಸಾಧನವನ್ನು ಮಿಷಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ರಾಬರ್ಟ್ ಹಬರ್ಡ್ ಅವರು ಚಾಲಕ ಜಿಮ್ ಡೌನಿಂಗ್ ಅವರೊಡನೆ ಸೇರಿ 1980ರ ದಶಕದಲ್ಲೇ ರೂಪಿಸಿದ್ದರು. ಅದು ಮಾರುಕಟ್ಟೆಯಲ್ಲಿತ್ತು. ಅರ್ನ್‌ಹಾರ್ಟ್ ಅದನ್ನು ತೊಟ್ಟಿರಲಿಲ್ಲ. ಈ ಸಾವಿನ ಬಗ್ಗೆ ನನಗೆ ಅತ್ಯಂತ ಮುಖ್ಯವೆನಿಸುವ ಬರಹ ಸಾವಿಗೆ ಮೊದಲೇ ಬಂದದ್ದು, ಟಿ.ವಿ.ಯಲ್ಲಿ ತೋರಿಸಲು ಏನೂ ಇಲ್ಲದಿದ್ದಾಗ ಒಬ್ಬ ವರದಿಗಾರ ವೈದ್ಯರನ್ನೂ ಎಂಜಿನಿಯರರನ್ನೂ ಕೇಳಿ ಕೇಳಿ ಬರೆದದ್ದು. ಅಂಥ ಕೆಲಸಕ್ಕೆ ನಿಮ್ಮ ಬುದ್ಧಿಯನ್ನು ಸಿದ್ಧಪಡಿಸಿಕೊಳ್ಳಿ.

ಅದೇ ಪತ್ರಿಕೆ ಅನಂತರ ಶವಪರೀಕ್ಷೆಯ ಚಿತ್ರಗಳನ್ನು ಕೇಳಿದಾಗ ದೊಡ್ಡ ವಿವಾದವೇ ಆಯಿತು. ಅರ್ನ್‌ಹಾರ್ಟ್ ಅವರ ಪತ್ನಿ ನ್ಯಾಯಾಲಯಕ್ಕೆ ಹೋದರು, ಅಂಥ ಚಿತ್ರಗಳನ್ನು ಸುಲಭವಾಗಿ ನೋಡದಂತೆ ಫ್ಲಾರಿಡಾ ಹೊಸ ಕಾನೂನನ್ನೇ ಮಾಡಿತು. ಕೊನೆಗೆ ಡ್ಯೂಕ್ ವಿಶ್ವವಿದ್ಯಾಲಯದ ಒಬ್ಬ ತಜ್ಞರು ಮಾತ್ರ ಚಿತ್ರಗಳನ್ನು ನೋಡಿ ವರದಿ ಕೊಡುವುದೆಂದು ಒಪ್ಪಂದವಾಯಿತು. ಸೀಟ್ ಬೆಲ್ಟ್ ಹರಿದದ್ದೇ ಸಾವಿಗೆ ಕಾರಣವೆಂಬ ಮಾತು ಹರಡಿದ್ದಾಗ, ತಲೆಯ ಸೆಳೆತವೇ ಕಾರಣವೆಂದು ಹೇಳಿದ ವರದಿ ಅದು. ಆ ಚಿತ್ರಗಳು ಎಲ್ಲಿಯೂ ಅಚ್ಚಾಗಲಿಲ್ಲ, ಅಚ್ಚಾಗಬೇಕಾಗಿಯೂ ಇರಲಿಲ್ಲ. ದುಃಖದಲ್ಲಿರುವ ಮನೆಯವರ ಮಾನವನ್ನು ಕಾಪಾಡಿಕೊಂಡೇ ಸತ್ಯವನ್ನು ಹುಡುಕಬಹುದು ಎಂದು ನಾನು ನಂಬಿರುವುದಕ್ಕೆ ಈ ಪ್ರಸಂಗವೂ ಒಂದು ಆಧಾರ. ನಿಮ್ಮ ಲೇಖನದಲ್ಲಿ ಇದು ಒಂದು ಇಡೀ ಭಾಗವಾಗಲು ಅರ್ಹವಾಗಿದೆ.

ಸ್ಟರ್ಲಿಂಗ್ ಮಾರ್ಲಿನ್ ಅವರ ಬಗ್ಗೆ ನೀವು ಬರೆದ ವಾಕ್ಯ ನನ್ನನ್ನು ನೋಯಿಸಿತು. ಅವರ ‘ಅವಿವೇಕದ ಗುದ್ದು’ ಅರ್ನ್‌ಹಾರ್ಟ್ ಅವರನ್ನು ಕೊಂದಿತು ಎಂದಿದ್ದೀರಿ. ಆ ಓಟದ ನಂತರ ಮಾರ್ಲಿನ್ ಅವರಿಗೆ ದ್ವೇಷದ ಪತ್ರಗಳೂ ಕೊಲೆಬೆದರಿಕೆಗಳೂ ಬಂದವು, ತಂದೆಯನ್ನು ಕಳೆದುಕೊಂಡ ಡೇಲ್ ಜೂನಿಯರ್ ಅವರೇ ಮುಂದೆ ಬಂದು ಮಾರ್ಲಿನ್ ಅವರ ತಪ್ಪಿಲ್ಲವೆಂದು ಜನರಿಗೆ ತಿಳಿಹೇಳಬೇಕಾಯಿತು. ಕೊನೆಯ ಸುತ್ತಿನಲ್ಲಿ ಎಲ್ಲರೂ ಓಡಿಸುವಂತೆಯೇ ಅವರೂ ಓಡಿಸುತ್ತಿದ್ದರು. ಅಷ್ಟು ಒತ್ತಾಗಿ ಓಡಿಸುವಂತೆ ನಿಯಮಗಳನ್ನು ಮಾಡಿದವರು, ಗಟ್ಟಿ ಗೋಡೆಯನ್ನು ಹಾಗೆಯೇ ಬಿಟ್ಟವರು, ಕುತ್ತಿಗೆಯ ರಕ್ಷಣೆಯನ್ನು ಚಾಲಕನ ಇಷ್ಟಕ್ಕೆ ಬಿಟ್ಟವರು ಹಲವರಿದ್ದಾಗ, ಕೊನೆಗೆ ತಗಲಿದ ಒಬ್ಬನ ತಲೆಗೆ ಎಲ್ಲವನ್ನೂ ಕಟ್ಟುವುದು ಅನ್ಯಾಯ. ಅವರು ಕನ್ನಡ ಓದುವುದಿಲ್ಲ ಎಂಬುದು ನಮಗೆ ರಿಯಾಯಿತಿಯಾಗಬಾರದು.

ಅರ್ನ್‌ಹಾರ್ಟ್ ಅವರ ಊರಾದ ಕನಾಪೊಲಿಸ್ ನಿಮ್ಮಿಂದ ದೂರವಿಲ್ಲ. ಅಲ್ಲಿಗೆ ಹೋಗಿ ಬನ್ನಿ. ಅವರ ಕಂಚಿನ ಪ್ರತಿಮೆಯನ್ನು ನೋಡಿ, ಆದರೆ ಅಲ್ಲೇ ನಿಲ್ಲಬೇಡಿ. ಅದು ಬಟ್ಟೆ ಗಿರಣಿಯಿಂದ ಬದುಕಿದ ಊರು. ಒಂಬತ್ತನೇ ತರಗತಿಗೇ ಓದು ಬಿಟ್ಟ ಹುಡುಗನೊಬ್ಬ ಏಳು ಸಲ ಚಾಂಪಿಯನ್ ಆದದ್ದು ಆ ಊರಿನವರಿಗೆ ಏನಾಗಿತ್ತೆಂದು ವಯಸ್ಸಾದವರನ್ನು ಕೇಳಿ. ಆ ವರ್ಷದ ಓಟಗಳಲ್ಲಿ ಮೂರನೇ ಸುತ್ತು ಬಂದಾಗ ಜನರೆಲ್ಲ ಎದ್ದು ಮೂರು ಬೆರಳುಗಳನ್ನು ಎತ್ತಿ ಹಿಡಿಯುತ್ತಿದ್ದರು, ಟಿ.ವಿ.ಯವರು ಆ ಒಂದು ಸುತ್ತು ಮಾತು ನಿಲ್ಲಿಸುತ್ತಿದ್ದರು. ಕನ್ನಡದ ಓದುಗನಿಗೆ ಆ ಕಪ್ಪು ಕಾರಿನ ಹಿಂದಿದ್ದ ಜನಪ್ರೀತಿ ತಿಳಿಯದಿದ್ದರೆ ಆ ಸಾವು ಒಂದು ಸುದ್ದಿಯಾಗಿಯೇ ಉಳಿಯುತ್ತದೆ.

ಮುಂದೆ ಏನಾಯಿತೆಂಬುದನ್ನು ಚಿಕ್ಕದಾಗಿ ಹೇಳಿದರೆ ಸಾಕು. 2001ರ ಅಕ್ಟೋಬರ್‌ನಲ್ಲಿ ತಲೆ ಮತ್ತು ಕುತ್ತಿಗೆಯ ರಕ್ಷಣಾ ಸಾಧನ ಕಡ್ಡಾಯವಾಯಿತು. ನೆಬ್ರಾಸ್ಕಾ ವಿಶ್ವವಿದ್ಯಾಲಯದಲ್ಲಿ ಡೀನ್ ಸಿಕಿಂಗ್ ಅವರ ತಂಡ ರೂಪಿಸಿದ, ಉಕ್ಕಿನ ಕೊಳವೆಗಳ ಹಿಂದೆ ಫೋಮ್ ಇಟ್ಟು ಪೆಟ್ಟನ್ನು ಹೀರಿಕೊಳ್ಳುವ ಸೇಫರ್ ಗೋಡೆ 2002ರಲ್ಲಿ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಬಂತು, ಮುಂದೆ ಎಲ್ಲ ಕಡೆಗೂ ಹರಡಿತು. 2020ರ ಡೇಟೋನಾ 500ರ ಕೊನೆಯ ಸುತ್ತಿನಲ್ಲಿ ಭೀಕರ ಅಪಘಾತಕ್ಕೆ ಸಿಕ್ಕಿದ ರಯಾನ್ ನ್ಯೂಮನ್ ಎರಡೇ ದಿನಗಳಲ್ಲಿ ಇಬ್ಬರು ಹೆಣ್ಣುಮಕ್ಕಳ ಕೈಹಿಡಿದು ಆಸ್ಪತ್ರೆಯಿಂದ ನಡೆದು ಹೊರಬಂದರು. ಅರ್ನ್‌ಹಾರ್ಟ್ ಅವರ ಸಾವು ವ್ಯರ್ಥವಾಗಲಿಲ್ಲ ಎಂಬ ನಿಮ್ಮ ಕೊನೆಯ ವಾಕ್ಯವನ್ನು ಮಾತ್ರ ಹೊಡೆದುಹಾಕಿ. ಅವರಿಗಿಂತ ಮೊದಲು ಸತ್ತ ಆ ಮೂವರ ಮನೆಯವರು ಅದನ್ನು ಓದಿದರೆ ಏನೆಂದುಕೊಂಡಾರು ಎಂದು ಒಮ್ಮೆ ಯೋಚಿಸಿ.

173ನೇ ಸುತ್ತಿನ ವರ್ಣನೆಯನ್ನು ಒಂದು ಪ್ಯಾರಾಕ್ಕೆ ಇಳಿಸಿ, ಶ್ರೇಡರ್ ಕಿಟಕಿಗೆ ಬಗ್ಗಿದ ಕ್ಷಣವನ್ನು ಸೇರಿಸಿ, ರೆಸ್ಟ್ರಿಕ್ಟರ್ ಪ್ಲೇಟಿನ ಭಾಗವನ್ನು ಅದಕ್ಕೂ ಮೊದಲು ತನ್ನಿ, ಮಾರ್ಲಿನ್ ಅವರ ಮೇಲಿನ ಆ ಎರಡು ಪದಗಳನ್ನು ತೆಗೆಯಿರಿ. ಯುಗಾದಿಯ ಹೊತ್ತಿಗೆ ಹೊಸ ಪ್ರತಿ ನನ್ನ ಕೈಸೇರಿದರೆ, ನನಗೆ ಪರಿಚಯವಿರುವ ಸಂಪಾದಕರಿಗೆ ನಾನೇ ಕಳುಹಿಸಿಕೊಡುತ್ತೇನೆ.

ಇಂತು,
ನಿಮ್ಮ ಹಿತೈಷಿ