ಒಂದೇ ಒತ್ತಕ್ಷರದಿಂದ ಅಚ್ಚಾದ ಅವ್ವ

ಗದಗಿನ ಶಾಲೆಯೊಂದರ ಸಭಾಭವನದಲ್ಲಿ ನಾಲ್ಕು ದಿನ ನಡೆದ ನನ್ನ ಕಲಾಪ್ರದರ್ಶನ ಕಳೆದ ರವಿವಾರ ಸಂಜೆ ಮುಗಿಯಿತು. ಅಪ್ಪ ತೀರಿಕೊಂಡು ಆರು ವರ್ಷ, ಅವ್ವ ತೀರಿಕೊಂಡು ಎರಡು ವರ್ಷ ಕಳೆದ ಮೇಲೆ, ಅವರಿಬ್ಬರ ಕೈ ಮುಟ್ಟಿದ ವಸ್ತುಗಳನ್ನೇ ಸಾಮಗ್ರಿಯಾಗಿಟ್ಟುಕೊಂಡು ಮಾಡಿದ 17 ಮಿಶ್ರಮಾಧ್ಯಮ ಕೃತಿಗಳು ಅಲ್ಲಿದ್ದವು. ಬಂದವರಿಗೆಲ್ಲ ಬಾಗಿಲಲ್ಲೇ ನಿಂತು ಕೈಮುಗಿದಿದ್ದೇನೆ. ಆದರೆ ಈ ಕೆಲಸದಲ್ಲಿ ಯಾರ ಪಾಲು ಎಷ್ಟು ಎಂಬುದನ್ನು ಬರೆದಿಡದೇ ಹೋದರೆ ಅದು ಸರಿಯಲ್ಲ ಎಂದು ನನಗೆ ಬಲವಾಗಿ ಅನಿಸಿದೆ. ಹೆಸರು ಹಾಕಬೇಡ ಎಂದು ಕೇಳಿಕೊಂಡವರೇ ಹೆಚ್ಚಾಗಿರುವುದರಿಂದ ಅವರನ್ನು ಅವರು ಮಾಡಿದ ಕೆಲಸದಿಂದಲೇ ಇಲ್ಲಿ ನೆನೆಯುತ್ತೇನೆ.

ಅಪ್ಪ 31 ವರ್ಷ ಗದಗಿನ ಮುದ್ರಣಾಲಯವೊಂದರಲ್ಲಿ ಮೊಳೆ, ಅಂದರೆ ಸೀಸದ ಅಚ್ಚಿನ ಅಕ್ಷರ, ಜೋಡಿಸುವ ಕೆಲಸ ಮಾಡಿದರು. ಎಡಗೈಯಲ್ಲಿ ಸಾಲು ಜೋಡಿಸುವ ಲೋಹದ ಪಟ್ಟಿಯಾದ ಕಂಪೋಸಿಂಗ್ ಸ್ಟಿಕ್ ಹಿಡಿದು, ಹೆಬ್ಬೆರಳಿನಿಂದ ಕೊನೆಯ ಮೊಳೆಯನ್ನು ಒತ್ತಿಕೊಂಡು, ಬಲಗೈಯಿಂದ ಕೇಸಿನ, ಅಂದರೆ ಮೊಳೆಗಳನ್ನಿಡುವ ತಟ್ಟೆಯ, ಮನೆಗಳಿಂದ ಒಂದೊಂದೇ ಅಕ್ಷರವನ್ನು ಎತ್ತಿ, ಮೊಳೆಯ ಬದಿಯಲ್ಲಿರುವ ಕಚ್ಚನ್ನು ಬೆರಳಿನಿಂದಲೇ ತಿಳಿದು ಸಾಲಿನಲ್ಲಿ ನಿಲ್ಲಿಸುತ್ತಿದ್ದರು. ಇಂಗ್ಲಿಷಿಗಿಂತ ಕನ್ನಡದ ಕೇಸಿಗೆ ಮನೆಗಳು ಬಹಳ ಹೆಚ್ಚು. ಕಾಗುಣಿತದ ರೂಪಗಳು ಒಂದು ಕಡೆ, ಒತ್ತಕ್ಷರಗಳು ಇನ್ನೊಂದು ಕಡೆ. "ಅಕ್ಷರಾ ಕಣ್ಣಿಂದ ಹುಡುಕಬಾರದವಾ, ಬೆರಳಿಗೆ ಗೊತ್ತಿರಬೇಕು" ಎಂದು ಅವರು ನನಗೆ ಹೇಳುತ್ತಿದ್ದರು. ಊರಿನ ಲಗ್ನಪತ್ರಿಕೆಗಳು, ಜಾತ್ರೆಯ ಕರಪತ್ರಗಳು, ಸೊಸೈಟಿಯ ವಾರ್ಷಿಕ ವರದಿಗಳು, ಯಾರದೋ ಮೊದಲ ಕವನ ಸಂಕಲನ, ಎಲ್ಲವೂ ಅವರ ಕೈಯಿಂದ ಹಾದುಹೋಗಿವೆ. ಮುದ್ರಣಾಲಯದ ಹೆಸರು ಅವುಗಳ ಕೊನೆಯ ಪುಟದಲ್ಲಿ ಇರುತ್ತಿತ್ತು, ಜೋಡಿಸಿದವರ ಹೆಸರು ಇರುತ್ತಿರಲಿಲ್ಲ.

ಇದರ ಬಗ್ಗೆ ಅಪ್ಪನಿಗೆ ಕಹಿ ಇರಲಿಲ್ಲ, ಕುತೂಹಲವಿತ್ತು. ನಾನು ಹೈಸ್ಕೂಲಿನಲ್ಲಿದ್ದಾಗ ಒಮ್ಮೆ ಗ್ರಂಥಾಲಯದಲ್ಲಿ ಕಿಟೆಲ್ಲರ ಕನ್ನಡ–ಇಂಗ್ಲಿಷ್ ನಿಘಂಟನ್ನು ತೋರಿಸಿದರು. 1894ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ಹೊರತಂದ, ಸುಮಾರು 70,000 ಪದಗಳ ಗ್ರಂಥ ಅದು. ಅಪ್ಪ ಅರ್ಥಗಳನ್ನು ನೋಡಲಿಲ್ಲ. ಒಂದೇ ಸಾಲಿನಲ್ಲಿ ಕನ್ನಡದ ಗುಂಡು ಅಕ್ಷರ, ಇಂಗ್ಲಿಷಿನ ಸಣ್ಣ ಅಕ್ಷರ, ನಡುವೆ ಚಿಹ್ನೆಗಳು ಕೂತಿರುವ ಬಗೆಯನ್ನು ಬೆರಳಿಟ್ಟು ತೋರಿಸಿ, "ಇದನ್ನ ಜೋಡಿಸಿದವ ಯಾರಿರಬೇಕವಾ? ಅವಂಗ ಎಷ್ಟು ವರ್ಷ ಹಿಡದಿರಬೇಕು?" ಎಂದು ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ. ಈ ಪ್ರದರ್ಶನದ ಬೀಜ ಅಲ್ಲಿ ಬಿದ್ದಿತ್ತೆಂದು ಈಗ ಹಿಂತಿರುಗಿ ನೋಡಿದಾಗ ತಿಳಿಯುತ್ತದೆ.

ಅವ್ವ ಬೆಟಗೇರಿಯ ನೇಕಾರರ ಮನೆಯ ಮಗಳು. ಏಳನೆಯ ವಯಸ್ಸಿಗೇ ರಾಟಿಯ ಮುಂದೆ ಕೂತು ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತಿದವಳು. ನೇಯ್ದ ಸೀರೆ ಮಗ್ಗದ ಯಜಮಾನನ ಹೆಸರಿನಲ್ಲಿ ಪೇಟೆಗೆ ಹೋಗುತ್ತಿತ್ತು. ಲಾಳಿಯೊಳಗಿನ ಕಂಡಿಕೆಯನ್ನು ಸುತ್ತಿದ ಹುಡುಗಿಯ ಲೆಕ್ಕ ಯಾವ ವಹಿಯಲ್ಲೂ ಇರಲಿಲ್ಲ. ಮದುವೆಯಾಗಿ ಬಂದ ಮೇಲೆ ಅವ್ವ ಬೇಸಿಗೆಯ ಮಧ್ಯಾಹ್ನಗಳಲ್ಲಿ ಕೌದಿ ಹೊಲಿದಳು. ಹಳೆಯ ಇಳಕಲ್ ಸೀರೆ, ಅಪ್ಪನ ಹರಿದ ಧೋತರ, ನಮ್ಮ ಶಾಲೆಯ ಅಂಗಿ, ತವರಿನಿಂದ ಬಂದ ಗುಳೇದಗುಡ್ಡದ ಖಣದ ಚೂರು, ಇವನ್ನೆಲ್ಲ ಪದರ ಪದರವಾಗಿ ಹಾಸಿ ಅಂಚಿನಿಂದ ಒಳಕ್ಕೆ ಸುತ್ತು ಸುತ್ತಾಗಿ ದಾರ ಹಾಯಿಸಿಕೊಂಡು ಬರುತ್ತಿದ್ದಳು. ನಮ್ಮ ಓಣಿಯಲ್ಲಿ ಹುಟ್ಟಿದ ಬಹಳಷ್ಟು ಮಕ್ಕಳು ಮೊದಲು ಮಲಗಿದ್ದು ಅವ್ವ ಹೊಲಿದ ಸಣ್ಣ ಕೌದಿಗಳ ಮೇಲೆ.

ಇನ್ನು ನಾನು ಮಾಡಿದ ತಪ್ಪನ್ನು ಹೇಳಲೇಬೇಕು. ಆಫ್‌ಸೆಟ್ ಯಂತ್ರ ಬಂದು ಮೊಳೆಯ ಕೆಲಸ ನಿಂತಾಗ ಅಪ್ಪ ತಾವು ಬಳಸಿದ ಎರಡು ಕೇಸುಗಳನ್ನು ಕೇಳಿ ಪಡೆದು ಮನೆಗೆ ತಂದಿದ್ದರು. ಅವು ಮಂಚದ ಕೆಳಗೆ ಇಪ್ಪತ್ತು ವರ್ಷ ಇದ್ದವು. ಅಪ್ಪ ತೀರಿಕೊಂಡ ಮರುವರ್ಷ ಮನೆ ದುರಸ್ತಿಯ ಗಡಿಬಿಡಿಯಲ್ಲಿ ನಾನು ಅವನ್ನು ಮೋಡಕಾ (ಗುಜರಿ) ಅಂಗಡಿಗೆ ತೂಕಕ್ಕೆ ಹಾಕಿದೆ. ಸೀಸ, ತವರ, ಆಂಟಿಮನಿ ಬೆರೆತ ಆ ಲೋಹಕ್ಕೆ ಒಳ್ಳೆಯ ದರವೇ ಸಿಕ್ಕಿತು. ಅವ್ವ ಬೈಯಲಿಲ್ಲ. ಸಂಜೆ ಮಂಚದ ಕೆಳಗಿನ ಖಾಲಿ ಜಾಗವನ್ನು ಕಸಬರಿಗೆಯಿಂದ ಗುಡಿಸುತ್ತ, "ಎಲ್ಲಾ ಕೊಟ್ಟಿ ಏನವಾ?" ಎಂದು ಒಂದೇ ಮಾತು ಕೇಳಿದಳು. ಅವಳು ಹೋದ ಮೇಲೂ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಆದ್ದರಿಂದ ನನ್ನ ಮೊದಲ ಕೃತಜ್ಞತೆ ಆ ಮೋಡಕಾ ಅಂಗಡಿಯ ಅಣ್ಣನವರಿಗೆ. ಅವ್ವನ ವರ್ಷಾಂತಿಕ ಮುಗಿದ ವಾರ, ಸಿಗುವ ಆಸೆ ಇಲ್ಲದೆಯೇ ಅವರ ಬಳಿಗೆ ಹೋಗಿ ವಿಚಾರಿಸಿದಾಗ, ಅವರು ಒಳಗಿನಿಂದ ಹಳೆಯ ಬಿಸ್ಕತ್ತಿನ ಡಬ್ಬಿಯೊಂದನ್ನು ತಂದು ನನ್ನ ಮುಂದಿಟ್ಟರು. ಹೆಚ್ಚಿನ ಮೊಳೆಗಳು ಆಗಲೇ ಕರಗಲು ಹೋಗಿದ್ದವು. ಒಂದೂಕಾಲು ಕಿಲೋದಷ್ಟನ್ನು ಮಾತ್ರ ಅವರು ತೆಗೆದಿಟ್ಟಿದ್ದರು. "ಅಕ್ಷರ ಅವ ನೋಡ್ರಿ ಅಕ್ಕಾರ, ಎಲ್ಲಾ ಕರಗಸಾಕ ಮನಸ ಬರಲಿಲ್ಲ" ಎಂದರು. ಎಷ್ಟು ಒತ್ತಾಯಿಸಿದರೂ ದುಡ್ಡು ಮುಟ್ಟಲಿಲ್ಲ. ಅಣ್ಣಾರ, ನಾನು ತೂಕಕ್ಕೆ ಹಾಕಿದ್ದನ್ನು ನೀವು ಅಕ್ಷರವೆಂದು ನೋಡಿದಿರಿ. ಈ ಋಣ ನನ್ನ ಮೇಲಿದೆ.

ಎರಡನೆಯದಾಗಿ, ಅಪ್ಪನ ಪಕ್ಕದ ಕೇಸಿನಲ್ಲಿ ನಿಂತು ಜೀವನ ಕಳೆದ ಕಾಕಾ ಅವರಿಗೆ. ಎಂಬತ್ತರ ಹತ್ತಿರದ ವಯಸ್ಸಿನಲ್ಲಿ, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿ ತಿಂಗಳು ಕಳೆದಿತ್ತಷ್ಟೇ, ಅಂಗಳದಲ್ಲಿ ಪತ್ರಿಕೆ ಹಾಸಿಕೊಂಡು ಮೂರು ಸಂಜೆ ನನ್ನೊಂದಿಗೆ ಕೂತು ಆ ಡಬ್ಬಿಯ ಮೊಳೆಗಳನ್ನು ಚಿಮಣಿ ಎಣ್ಣೆಯಲ್ಲಿ ತೊಳೆದು ವಿಂಗಡಿಸಿದರು. 'ಅ' ಒಂಬತ್ತು ಸಿಕ್ಕವು, 'ಪ' ಹನ್ನೊಂದು. ಪಕಾರದ ಒತ್ತು ನಾಲ್ಕು ಸಿಕ್ಕವು. ಆದರೆ ವಕಾರದ ಒತ್ತು ಒಂದೇ ಒಂದು, ಅದರ ಬಾಲವೂ ತುಸು ಮುರಿದಿತ್ತು. ಮುದ್ರಣಾಲಯದಲ್ಲಾದರೆ ಅಂಥ ಮೊಳೆ ನೇರವಾಗಿ ಮುರುಕು ಮೊಳೆಗಳ ಡಬ್ಬಿಗೆ ಹೋಗುತ್ತದೆ. ಕಾಕಾ ಕೂಡ ರೂಢಿಯಂತೆ ಅದನ್ನು ಬದಿಗೆ ಸರಿಸಿದರು. ಅದಿಲ್ಲದೆ 'ಅವ್ವ' ಎಂದು ಜೋಡಿಸಲು ಬರುವುದಿಲ್ಲ ಎಂದು ನಾನು ಹೇಳಿದಾಗ ಬಹಳ ಹೊತ್ತು ಸುಮ್ಮನಿದ್ದು, ಅದನ್ನು ಮತ್ತೆ ಎತ್ತಿಕೊಂಡು, ತಮ್ಮ ಧೋತರದ ಚುಂಗಿನಿಂದ ಒರೆಸಿ, 'ಅ' ಮತ್ತು 'ವ'ದ ಪಕ್ಕದಲ್ಲಿ ತಾವೇ ನಿಲ್ಲಿಸಿ ಕಟ್ಟಿಕೊಟ್ಟರು.

ಪ್ರದರ್ಶನದ ಮುಖ್ಯ ಕೃತಿ ಹುಟ್ಟಿದ್ದು ಈ ಒಂದು ಮೊಳೆಯಿಂದ. ಆರು ಅಡಿ ಉದ್ದ, ನಾಲ್ಕು ಅಡಿ ಅಗಲದ ಕೌದಿಯ ಮೇಲೆ, ಅವ್ವನ ಸೀರೆಯ ತುಂಡುಗಳಲ್ಲಿ ನಾನು 48 ಸಲ 'ಅವ್ವ' ಎಂದು ಅಚ್ಚು ಹಾಕಿದೆ. ಒತ್ತು ಒಂದೇ ಇದ್ದುದರಿಂದ ಒಮ್ಮೆಗೆ ಒಂದೇ 'ಅವ್ವ'. ಪ್ರತಿ ಸಲವೂ ಮಸಿ ಹಚ್ಚಬೇಕು, ಬಟ್ಟೆಯ ಮೇಲೆ ಕೈಯಿಂದ ಒತ್ತಬೇಕು, ಒಣಗಲು ಬಿಡಬೇಕು. 48 ಕಡೆಯೂ ಒತ್ತಿನ ಬಾಲ ಒಂದೇ ಜಾಗದಲ್ಲಿ ಮುರಿದಿದೆ. ಕೆಂಪು ಸೆರಗಿನ ಮೇಲೆ ಮಸಿ ಅಷ್ಟಾಗಿ ಕಾಣುವುದಿಲ್ಲ, ಹತ್ತಿರ ಹೋಗಿ ನೋಡಬೇಕಾಗುತ್ತದೆ. ಅದನ್ನು ಹಾಗೆಯೇ ಬಿಟ್ಟಿದ್ದೇನೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಆ ಕೊಂಡಿಯ ಸಾಲು ಬರುವ ಜಾಗದಲ್ಲಿಯೇ ಅಪ್ಪನ ಲೆಕ್ಕದ ವಹಿಯ ಒಂದು ಹಾಳೆಯನ್ನು ಅಂಟಿಸಿದೆ. ಹಳೆಯ ರಟ್ಟು ಕಟ್ಟುವವರಂತೆ ಮೈದಾ ಅಂಟಿಗೆ ಚಿಟಿಕೆ ಮೈಲುತುತ್ತ ಬೆರೆಸಿ ಹಚ್ಚಿದ್ದೇನೆ, ಹುಳು ಹಿಡಿಯದಿರಲೆಂದು. ಇದೂ ಅಪ್ಪನಿಂದ ಕಲಿತದ್ದೇ.

ಆದರೆ ಆ ಕೌದಿಯನ್ನು ನಾನೊಬ್ಬಳೇ ಹೊಲಿದೆನೆಂದರೆ ಸುಳ್ಳಾಗುತ್ತದೆ. ನನ್ನ ಟಾಕಿ ಒಂದು ಗೇಣು ಹೋಗುವುದರೊಳಗೆ ಸೊಟ್ಟಗಾಗುತ್ತಿತ್ತು. ನಮ್ಮ ಓಣಿಯ ಐವರು ಹೆಣ್ಣುಮಕ್ಕಳು, ಅವರಲ್ಲಿ ಇಬ್ಬರು ಅವ್ವನಿಂದಲೇ ಕೌದಿ ಹೊಲಿಯಲು ಕಲಿತವರು, ಮನೆಗೆಲಸ ಮುಗಿಸಿ ಹನ್ನೆರಡು ಮಧ್ಯಾಹ್ನ ನಮ್ಮ ಪಡಸಾಲೆಗೆ ಬಂದು ಕೂತರು. ಅವ್ವ ಹಾಡುತ್ತಿದ್ದ ಬೀಸುಕಲ್ಲಿನ ಪದಗಳಲ್ಲಿ ನನಗೆ ಮರೆತುಹೋಗಿದ್ದ ನುಡಿಗಳನ್ನು ಅವರು ಸೂಜಿ ನಡೆಸುತ್ತಲೇ ನೆನಪಿಸಿಕೊಟ್ಟರು. ನನ್ನ ಸೊಟ್ಟ ಟಾಕಿಯ ಮೂಲೆಯನ್ನು ಬಿಚ್ಚಿ ಹೊಲಿಯೋಣವೇ ಎಂದು ಅವರಲ್ಲಿ ಹಿರಿಯಳು ಕೇಳಿದ್ದಳು. ಇನ್ನೊಬ್ಬಳು, "ಇರಲಿ ಬಿಡ, ಮಗಳ ಕೈ ಅದು" ಎಂದಳು. ಆ ಮೂಲೆ ಹಾಗೆಯೇ ಉಳಿದಿದೆ. ಚಿಗವ್ವಾ, ನಿಮ್ಮೆಲ್ಲರ ಹೆಸರನ್ನು ಕೌದಿಯ ಹಿಂಬದಿಯಲ್ಲಿ ದಾರದಿಂದಲೇ ಬರೆದಿದ್ದೇನೆ. ಬೇಡವೆಂದರೂ ಈ ಒಂದು ವಿಷಯದಲ್ಲಿ ನಿಮ್ಮ ಮಾತು ಕೇಳಲಿಲ್ಲ, ಮನ್ನಿಸಬೇಕು.

ಅವ್ವ ಹಾಸಿಗೆ ಹಿಡಿದ ಏಳು ತಿಂಗಳಲ್ಲಿ ದಿನ ಬಿಟ್ಟು ದಿನ ಮನೆಗೆ ಬಂದು ಅವಳ ಬೆನ್ನಿನ ಹುಣ್ಣುಗಳಿಗೆ ಔಷಧಿ ಹಚ್ಚಿದ ಶುಶ್ರೂಷಕಿಗೂ ನನ್ನ ನಮಸ್ಕಾರ ಸಲ್ಲಬೇಕು. ಅವರು ಪ್ರದರ್ಶನದ ಎರಡನೆಯ ದಿನ ಬಂದು ಏನೂ ಮಾತಾಡದೆ ಒಂದು ಗಂಟೆ ಕೂತು ಹೋದರು. ಅಣ್ಣ ಮತ್ತು ಅತ್ತಿಗೆ ಅಪ್ಪನ ವಸ್ತುಗಳನ್ನು ಕತ್ತರಿಸಲು, ಅಂಟಿಸಲು ನನಗೆ ಪೂರ್ತಿ ಸ್ವಾತಂತ್ರ್ಯ ಕೊಟ್ಟರು. ಮನೆಯವರಿಗೆ ಅದು ಸುಲಭವಲ್ಲವೆಂದು ನನಗೆ ಗೊತ್ತು. ಧೋತರಕ್ಕೆ ಕತ್ತರಿ ಇಟ್ಟ ದಿನ ಅಣ್ಣ ಹೊರಗೆ ಹೋಗಿ ನಿಂತಿದ್ದ. ಸಭಾಭವನವನ್ನು ಬಾಡಿಗೆಯಿಲ್ಲದೆ ಕೊಟ್ಟ ಶಾಲೆಯವರಿಗೂ, ಗೋಡೆಗೆ ಮೊಳೆ ಹೊಡೆಯದೆ ಕೃತಿಗಳನ್ನು ತೂಗುಹಾಕುವ ಉಪಾಯ ಹುಡುಕಿದ ಅಲ್ಲಿಯ ಸಿಪಾಯಿಗೂ ಕೃತಜ್ಞಳಾಗಿದ್ದೇನೆ.

ಇವರೆಲ್ಲರ ಜೊತೆಗೆ, ನಾನು ಕರೆಯದೆಯೇ ಕೈಯಲ್ಲಿ ಏನಾದರೊಂದನ್ನು ಹಿಡಿದುಕೊಂಡು ಬಂದವರಿದ್ದಾರೆ. ಮೊದಲ ದಿನವೇ ಮುಳಗುಂದದಿಂದ ಬಂದ ಹಿರಿಯರೊಬ್ಬರು ತಮ್ಮ ಮದುವೆಯ ಲಗ್ನಪತ್ರಿಕೆಯನ್ನು ಪ್ಲಾಸ್ಟಿಕ್ ಚೀಲದಿಂದ ಮೆಲ್ಲಗೆ ಹೊರತೆಗೆದು, "ಇದು ನಿಮ್ಮಪ್ಪಾರ ಜೋಡಿಸಿದ್ದು, ನಾನs ಮುಂದ ನಿಂತು ಮಾಡಿಸಿಕೊಂಡು ಹೋಗಿದ್ನಿ" ಎಂದರು. ಸುದ್ದಿ ಹರಡಿ ನಾಲ್ಕು ದಿನಗಳಲ್ಲಿ 26 ಲಗ್ನಪತ್ರಿಕೆಗಳು, ಒಂದು ಜಾತ್ರೆಯ ಕರಪತ್ರ, ಮೂರು ಕೌದಿಗಳು ಬಂದವು. ಕೊನೆಯ ದಿನದ ಹೊತ್ತಿಗೆ ಒಂದು ಇಡೀ ಗೋಡೆ ನನ್ನ ಕೃತಿಗಳದ್ದಲ್ಲ, ಅವರು ತಂದವುಗಳದ್ದಾಗಿತ್ತು. ನಿಜ ಹೇಳಬೇಕೆಂದರೆ ಪ್ರದರ್ಶನದಲ್ಲಿ ಎಲ್ಲಕ್ಕಿಂತ ಚೆನ್ನಾಗಿದ್ದದ್ದು ಆ ಗೋಡೆ.

ನಿವೃತ್ತ ಕನ್ನಡ ಶಿಕ್ಷಕರೊಬ್ಬರು ನನ್ನ ಒಂಬತ್ತನೆಯ ಕೃತಿಯಲ್ಲಿ ಒಂದು ದೀರ್ಘ ಬಿಟ್ಟುಹೋಗಿರುವುದನ್ನು ಕಂಡುಹಿಡಿದು, ಪ್ರೂಫ್ ತಿದ್ದುವವರಂತೆ ಸಂದರ್ಶಕರ ಪುಸ್ತಕದಲ್ಲಿ ಗುರುತು ಹಾಕಿ ಬರೆದು ಹೋಗಿದ್ದಾರೆ. ಗುರುಗಳೇ, ಅದನ್ನು ತಿದ್ದಿದ್ದೇನೆ. ಅಪ್ಪ ಇದ್ದಿದ್ದರೆ ನಿಮ್ಮನ್ನು ಚಹಾ ಕುಡಿಸದೆ ಕಳಿಸುತ್ತಿರಲಿಲ್ಲ.

ಪ್ರದರ್ಶನ ಮುಗಿದ ರಾತ್ರಿ ಕಾಕಾ ಇನ್ನೊಮ್ಮೆ ಬಂದರು. ಗಾಜಿನ ಪೆಟ್ಟಿಗೆಯಲ್ಲಿ ಸ್ಟಿಕ್ಕಿನ ಸಮೇತ ಇಟ್ಟಿದ್ದ ಒಂದು ಸಾಲನ್ನು, ಮೊಳೆ ಜೋಡಿಸುವವರು ಓದುವ ಹಾಗೆ, ತಲೆಕೆಳಗಾದ ಅಕ್ಷರಗಳನ್ನು ಎಡದಿಂದ ಬಲಕ್ಕೆ ತಡವರಿಸದೆ ಓದಿದರು. ಅವರ ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು ಅದು ಹೇಗೆ ಎಂದು ಕೇಳಿದಾಗ, ಪೆಟ್ಟಿಗೆ ತೆರೆಯಲು ನನ್ನತ್ತ ನೋಡಿದರು. ಸಿಪಾಯಿ ದೀಪ ಆರಿಸಲು ಬರುವವರೆಗೂ ಅವಳ ಎಡಗೈಯಲ್ಲಿ ಅಪ್ಪನ ಸ್ಟಿಕ್ ಇತ್ತು.

ಆ ಮೊಳೆಗಳನ್ನು ಈಗ ಕಾಕಾ ಅವರ ಮನೆಗೇ ಕಳಿಸಿದ್ದೇನೆ. ವಕಾರದ ಒತ್ತು ಮಾತ್ರ ನನ್ನ ಬಳಿ ಇದೆ. ಲಗ್ನಪತ್ರಿಕೆ ಮತ್ತು ಕೌದಿಗಳನ್ನು ಕೊಟ್ಟವರಿಗೆಲ್ಲ ಅವನ್ನು ಮರಳಿ ಮುಟ್ಟಿಸಲು ಈ ತಿಂಗಳ ಕೊನೆಯೊಳಗೆ ನಾನೇ ನಿಮ್ಮ ನಿಮ್ಮ ಊರಿಗೆ ಬರುತ್ತೇನೆ.